‘ಮಿನಿಮಮ್ ಡ್ಯೂ’ ಕಟ್ಟಿದರೆ ಸಾಲದೇ?

ಓದುಗರ ಪ್ರಶ್ನೆ: ನನ್ನ ಕ್ರೆಡಿಟ್ ಕಾರ್ಡ್ ಬಿಲ್ 40,000 ರೂಪಾಯಿ. ಅದರ ಪಕ್ಕದಲ್ಲೇ ‘ಮಿನಿಮಮ್ ಅಮೌಂಟ್ ಡ್ಯೂ 2,000’ ಎಂದಿದೆ. ಪ್ರತಿ ತಿಂಗಳೂ ಮಿನಿಮಮ್ ತಪ್ಪದೆ ಕಟ್ಟುತ್ತೇನೆ. ಬ್ಯಾಂಕಿನಿಂದ ಒಂದು ಫೋನೂ ಬಂದಿಲ್ಲ. ಹೀಗೇ ಮುಂದುವರಿಸಿದರೆ ತೊಂದರೆ ಇದೆಯೇ?

ಇದೆ. ಲೇಟ್ ಫೀ ಬೀಳದಿರಲು, ಸಿಬಿಲ್ ದಾಖಲೆಯಲ್ಲಿ ‘ಕಂತು ತಪ್ಪಿಸಿದವರು’ ಎಂದು ಬರದಿರಲು ಈ 2,000 ಸಾಕು. ಸಾಲ ತೀರಿಸಲು ಸಾಕಾಗುವುದಿಲ್ಲ. ನೀವು ಗಡುವಿಗೆ ಸರಿಯಾಗಿ ಕಟ್ಟುತ್ತಿದ್ದೀರಿ, ಬಡ್ಡಿಯೂ ಬೆಳೆಯುತ್ತಿದೆ. ಬ್ಯಾಂಕಿನವರು ಫೋನ್ ಮಾಡಲು ಕಾರಣವೇ ಇಲ್ಲ.

ನಮ್ಮ ಮನೆಯಲ್ಲಿ ಸಾಲದ ಮಾತು ಬಂದರೆ ಹಿರಿಯರ ಮೊದಲ ಪ್ರಶ್ನೆ ಒಂದೇ ಇರುತ್ತಿತ್ತು: ‘ನೂರಕ್ಕೆ ಎಷ್ಟು?’ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಅಂದರೆ ಮುಖ ಗಂಟಿಕ್ಕುತ್ತಿದ್ದರು, ಮೂರು ಅಂದರೆ ಆ ಮನೆ ಬಾಗಿಲಿಗೇ ಹೋಗಬೇಡ ಎನ್ನುತ್ತಿದ್ದರು. ಈಗ ನಿಮ್ಮ ಕಾರ್ಡಿನ ಬಿಲ್‌ನ ಸಣ್ಣ ಅಕ್ಷರಗಳನ್ನು ಓದಿ. ನಮ್ಮಲ್ಲಿ ಅನೇಕ ಕಾರ್ಡ್‌ಗಳ ಬಡ್ಡಿ ತಿಂಗಳಿಗೆ ಶೇ 3.5ರ ಆಸುಪಾಸಿನಲ್ಲಿದೆ. ಅಂದರೆ ನೂರಕ್ಕೆ ಮೂರೂವರೆ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ಬೇರೆ. ಎರಡೂ ಸೇರಿದರೆ ನೂರಕ್ಕೆ ನಾಲ್ಕು ರೂಪಾಯಿ ಹದಿಮೂರು ಪೈಸೆ. ಊರಿನ ಬಡ್ಡಿ ವ್ಯಾಪಾರಿ ಈ ದರ ಹೇಳಿದ್ದರೆ ನೀವು ಎದ್ದು ಬರುತ್ತಿದ್ದಿರಿ. ಅದೇ ದರ ಶೇಕಡಾ ಚಿಹ್ನೆ ಹೊತ್ತು ಪಿಡಿಎಫ್‌ನಲ್ಲಿ ಬಂದಾಗ ನಮಗೆ ಗುರುತು ಹತ್ತುವುದಿಲ್ಲ. ‘ಇಷ್ಟು ಬಡ್ಡಿಗೆ ಕಾನೂನಿನ ಮಿತಿ ಇಲ್ಲವೇ’ ಎಂದು ಕೇಳುವವರಿದ್ದಾರೆ. ವರ್ಷಕ್ಕೆ ಶೇ 30ಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ಅನುಚಿತ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಆ ತೀರ್ಪನ್ನು ರದ್ದುಪಡಿಸಿತು.

ನಿಮ್ಮ ಬಿಲ್ಲನ್ನೇ ಲೆಕ್ಕ ಹಾಕೋಣ. ಮಿನಿಮಮ್ ಅಂದರೆ ಬಿಲ್‌ನ ಶೇ 5 ಎಂದಿಟ್ಟುಕೊಳ್ಳುತ್ತೇನೆ (ಬ್ಯಾಂಕಿನಿಂದ ಬ್ಯಾಂಕಿಗೆ ಸೂತ್ರ ಬೇರೆ ಇರುತ್ತದೆ). ಕಾರ್ಡಿನಲ್ಲಿ ಹೊಸದಾಗಿ ಒಂದು ರೂಪಾಯಿಯನ್ನೂ ಖರ್ಚು ಮಾಡುವುದಿಲ್ಲ ಎಂದೂ ಇಟ್ಟುಕೊಳ್ಳಿ. 2,000 ಕಟ್ಟಿದಿರಿ, 38,000 ಉಳಿಯಿತು. ಅದಕ್ಕೆ ಬಡ್ಡಿ 1,330, ಜಿಎಸ್‌ಟಿ 239. ಮುಂದಿನ ಬಿಲ್ 39,569. ಕಟ್ಟಿದ್ದು ಎರಡು ಸಾವಿರ, ಸಾಲ ಇಳಿದದ್ದು 431 ರೂಪಾಯಿ.

ಹೀಗೇ ಮಿನಿಮಮ್ ಕಟ್ಟುತ್ತಾ ಹೋದರೆ ಬಿಲ್ ಅರ್ಧಕ್ಕೆ, ಅಂದರೆ 20,000ಕ್ಕೆ ಇಳಿಯಲು 64 ತಿಂಗಳು ಬೇಕು. ಐದು ವರ್ಷ ನಾಲ್ಕು ತಿಂಗಳು. ಅಷ್ಟರಲ್ಲಿ ನೀವು ಸುಮಾರು 93,000 ರೂಪಾಯಿ ಕಟ್ಟಿರುತ್ತೀರಿ, ಇನ್ನೂ 20,000 ಸಾಲ ಇರುತ್ತದೆ.

ಇದರಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ಸಂಗತಿ ಇನ್ನೊಂದಿದೆ. ಬಿಲ್ ಇಳಿದಂತೆ ಮಿನಿಮಮ್ಮೂ ಇಳಿಯುತ್ತದೆ. ಮೊದಲು 2,000 ಇದ್ದದ್ದು ಕೊನೆಗೆ 1,000ಕ್ಕೆ ಬರುತ್ತದೆ. ಕೈಗೆ ಹಗುರವಾಯಿತು ಎಂದು ನಮಗೆ ಸಮಾಧಾನ, ಆದರೆ ಸಾಲ ಎಳೆದುಕೊಂಡು ಹೋಗುವುದೇ ಈ ಇಳಿಕೆಯಿಂದ. ಮಿನಿಮಮ್ ಎಷ್ಟಕ್ಕೆ ಇಳಿದರೂ ಲೆಕ್ಕಿಸದೆ, ಮೊದಲ ತಿಂಗಳ 2,000ವನ್ನೇ ಪ್ರತಿ ತಿಂಗಳು ಕಟ್ಟಿದರೂ 39 ತಿಂಗಳಲ್ಲಿ ಪೂರ್ತಿ ಸಾಲ ತೀರುತ್ತದೆ. ಒಟ್ಟು ಸುಮಾರು 78,000 ಆಗುತ್ತದೆ. 4,000 ಕಟ್ಟಿದರೆ 13 ತಿಂಗಳು, ಒಟ್ಟು ಸುಮಾರು 50,000.

ಇಷ್ಟು ಗೊತ್ತಾದ ಮೇಲೂ ಜನ ಮಿನಿಮಮ್ಮನ್ನೇ ಏಕೆ ಕಟ್ಟುತ್ತಾರೆ? ‘ಕೈಯಲ್ಲಿ ದುಡ್ಡಿಲ್ಲ, ಅದಕ್ಕೆ’ ಎನ್ನುವುದು ಮೊದಲು ಹೊಳೆಯುವ ಉತ್ತರ. ಅರ್ಥಶಾಸ್ತ್ರಜ್ಞರಾದ ಬೆಂಜಮಿನ್ ಕೀಸ್ ಮತ್ತು ಜಿಯಾಲನ್ ವಾಂಗ್ ಈ ಉತ್ತರವನ್ನು ಹಾಗೇ ಒಪ್ಪಲಿಲ್ಲ. ಅಮೆರಿಕದ ಕಾರ್ಡ್ ಮಾರುಕಟ್ಟೆಯ ಕಾಲು ಭಾಗವನ್ನು ಒಳಗೊಂಡ ದತ್ತಾಂಶವನ್ನು ಅವರು ಪರಿಶೀಲಿಸಿದರು. 2019ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಶೇ 29ರಷ್ಟು ಖಾತೆಗಳಲ್ಲಿ ವಾಡಿಕೆಯಾಗಿ ಮಿನಿಮಮ್ ಅಥವಾ ಅದರ ಆಸುಪಾಸಿನ ಮೊತ್ತವೇ ಪಾವತಿಯಾಗುತ್ತಿತ್ತು. ಇವರಲ್ಲಿ ದುಡ್ಡಿಲ್ಲದವರು ಯಾರು, ಬಿಲ್‌ನ ಸಂಖ್ಯೆಗೆ ಕಟ್ಟುಬಿದ್ದವರು ಯಾರು ಎಂದು ಬೇರ್ಪಡಿಸಲು ಅವರು ಹಿಡಿದ ದಾರಿ ನನಗೆ ಬಹಳ ಇಷ್ಟ. ಕಾರ್ಡ್ ಕಂಪನಿಗಳು ಮಿನಿಮಮ್ ಲೆಕ್ಕ ಹಾಕುವ ಸೂತ್ರವನ್ನು ಆಗಾಗ ಬದಲಿಸುತ್ತವೆ. ನೀವು ತಿಂಗಳಿಗೆ ನೂರು ಡಾಲರ್ ಕಟ್ಟುತ್ತಿದ್ದೀರಿ, ಮಿನಿಮಮ್ ನಲವತ್ತರಿಂದ ಅರವತ್ತಕ್ಕೆ ಏರಿತು ಎಂದುಕೊಳ್ಳಿ. ನಿಮ್ಮನ್ನು ತಡೆಯುತ್ತಿದ್ದುದು ದುಡ್ಡಿನ ಕೊರತೆಯೊಂದೇ ಆಗಿದ್ದರೆ ಈ ಏರಿಕೆಯಿಂದ ನಿಮಗೇನೂ ಆಗಬೇಕಿಲ್ಲ. ನೀವು ಕಟ್ಟುತ್ತಿರುವುದು ಹೊಸ ಮಿನಿಮಮ್ಮಿಗಿಂತಲೂ ಹೆಚ್ಚೇ. ಆದರೂ ಸೂತ್ರದ ಬೆನ್ನಿಗೆ ಪಾವತಿಯೂ ಬದಲಾದರೆ, ಕೈ ಹಿಡಿದು ಎಳೆದದ್ದು ಆ ಸಂಖ್ಯೆ ಎಂದಾಯಿತು. ಮಿನಿಮಮ್ ಆಸುಪಾಸಿನಲ್ಲಿ ಕಟ್ಟುವವರಲ್ಲಿ ಕನಿಷ್ಠ ಶೇ 22 ಮಂದಿ, ಬರೀ ದುಡ್ಡಿನ ಕೊರತೆಯಿಂದ ವಿವರಿಸಲಾಗದಷ್ಟು ಬದಲಾದರು.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ನೀಲ್ ಸ್ಟೀವರ್ಟ್ 2009ರಲ್ಲೇ ಇದರ ಸುಳಿವು ಕೊಟ್ಟಿದ್ದರು. ಅವರು ಜನರಿಗೆ 435.76 ಪೌಂಡಿನ ಒಂದು ಕಲ್ಪಿತ ಬಿಲ್ ತೋರಿಸಿ ಎಷ್ಟು ಕಟ್ಟುತ್ತೀರಿ ಎಂದು ಕೇಳಿದರು. ಕೆಲವರ ಬಿಲ್‌ನಲ್ಲಿ ಮಿನಿಮಮ್ ಮೊತ್ತ ಇತ್ತು, ಕೆಲವರದರಲ್ಲಿ ಇರಲಿಲ್ಲ. ಪೂರ್ತಿ ಕಟ್ಟುವ ಜಾತಿಯವರು ಎರಡರಲ್ಲೂ ಪೂರ್ತಿಯೇ ಕಟ್ಟಿದರು. ಭಾಗಶಃ ಕಟ್ಟುವವರು ಮಾತ್ರ, ಮಿನಿಮಮ್ ಕಾಣದಿದ್ದಾಗ ಸರಾಸರಿ ಶೇ 40 ಕಟ್ಟುತ್ತೇವೆ ಎಂದರು. ಕಂಡಾಗ ಶೇ 23.

ಹಾಗಾದರೆ ಎಚ್ಚರಿಕೆಯ ಮಾತು ಮುದ್ರಿಸಿದರೆ ಸರಿಹೋಗುತ್ತದೆಯೇ? ಅಮೆರಿಕದ 2009ರ ಕಾರ್ಡ್ ಕಾಯ್ದೆ ಅದನ್ನೇ ಮಾಡಿತು: ಮಿನಿಮಮ್ ಮಾತ್ರ ಕಟ್ಟಿದರೆ ಎಷ್ಟು ಕಾಲ ಹಿಡಿಯುತ್ತದೆ, 36 ತಿಂಗಳಲ್ಲಿ ತೀರಿಸಲು ತಿಂಗಳಿಗೆ ಎಷ್ಟು ಬೇಕು ಎಂದು ಬಿಲ್‌ನಲ್ಲೇ ತೋರಿಸಬೇಕು. ಕೀಸ್ ಮತ್ತು ವಾಂಗ್ ನೋಡಿದಾಗ ಆ ಸಲಹೆಯಂತೆ ಕಟ್ಟಲು ಶುರುಮಾಡಿದ ಖಾತೆಗಳು ಶೇ 1ಕ್ಕೂ ಕಡಿಮೆ. ಸುಮಿತ್ ಅಗರ್ವಾಲ್, ನೀಲ್ ಮಹೋನಿ ಮತ್ತು ಅವರ ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೂ ಒಟ್ಟು ಪಾವತಿಯಲ್ಲಿ ಬದಲಾವಣೆ ಕಾಣಲಿಲ್ಲ. ಆದರೆ ಅದೇ ಕಾಯ್ದೆ ಶುಲ್ಕಗಳಿಗೆ ಹಾಕಿದ ಕಡಿವಾಣದಿಂದ ಗ್ರಾಹಕರಿಗೆ ವರ್ಷಕ್ಕೆ 11.9 ಶತಕೋಟಿ ಡಾಲರ್ ಉಳಿಯಿತು ಎಂದು ಅದೇ ತಂಡ ಅಂದಾಜು ಮಾಡಿತು. ನಮ್ಮಲ್ಲೂ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಬಿಲ್‌ನಲ್ಲಿ ಎಚ್ಚರಿಕೆ ಇರುತ್ತದೆ. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ಆ ನಿರ್ದೇಶನದ ಇನ್ನೊಂದು ಮಾತು: ಮಿನಿಮಮ್ ಕಟ್ಟಿದ ಮೇಲೂ ಸಾಲ ಏರುವಂತೆ ಸೂತ್ರ ಇರಬಾರದು. ನಿಮ್ಮ ಆ 431 ರೂಪಾಯಿಯಾದರೂ ಇಳಿಯುವುದಕ್ಕೆ ಇಂಥ ನಿಯಮ ಬೇಕು. ಎಚ್ಚರಿಕೆಯ ಸಾಲನ್ನು ಓದುವವರು ತೀರಾ ಕಡಿಮೆ.

ಇನ್ನು ಆಟೋಪೇ, ಅಂದರೆ ಪ್ರತಿ ತಿಂಗಳೂ ಖಾತೆಯಿಂದ ಬಿಲ್ ತಾನಾಗಿಯೇ ಪಾವತಿಯಾಗುವ ವ್ಯವಸ್ಥೆಯ ವಿಷಯ. ಬ್ರಿಟನ್ನಿನಲ್ಲಿ ಬೆನೆಡಿಕ್ಟ್ ಗಟ್‌ಮನ್-ಕೆನ್ನಿ, ಡೇವಿಡ್ ಲೈಬ್ಸನ್ ಮೊದಲಾದವರು 40,708 ಕಾರ್ಡುದಾರರ ಮೇಲೆ ಒಂದು ಪ್ರಯೋಗ ನಡೆಸಿದರು. ಆಟೋಪೇ ನೋಂದಣಿಯ ಪುಟದಲ್ಲಿ ‘ಮಿನಿಮಮ್ ಮಾತ್ರ’ ಎಂಬ ಆಯ್ಕೆಯನ್ನು ಮರೆಮಾಡಿದರು. ಅದನ್ನು ಆರಿಸಿಕೊಳ್ಳುವವರು ಶೇ 72ರಷ್ಟು ಕಡಿಮೆಯಾದರು. ಗೆದ್ದಂತೆ ಕಂಡಿತು. ಏಳು ಬಿಲ್‌ಗಳ ನಂತರ ನೋಡಿದರೆ ಸಾಲ ಇಳಿದೇ ಇರಲಿಲ್ಲ. ಬಹಳ ಮಂದಿ ಮಿನಿಮಮ್ಮಿಗಿಂತ ತುಸುವೇ ಹೆಚ್ಚಿನ ಮೊತ್ತವನ್ನು ಆಟೋಪೇಗೆ ಹಾಕಿದ್ದರು. ಕೆಲವರು ಆಟೋಪೇ ಮಾಡಿಸಲೇ ಇಲ್ಲ, ಹಾಗಾಗಿ ಕಂತು ತಪ್ಪುವುದು ಹೆಚ್ಚಿತು. ಆಟೋಪೇ ಇದ್ದವರು ಮೊದಲಿನಷ್ಟು ಕೈಯಾರೆ ಕಟ್ಟಲಿಲ್ಲ.

ಈ ಅಧ್ಯಯನ ನನ್ನ ಅಭಿಪ್ರಾಯವನ್ನೂ ಬದಲಿಸಿತು. ‘ಆಟೋಪೇ ಮಾಡಿಸಿ, ಎಲ್ಲಾ ಸರಿಹೋಗುತ್ತದೆ’ ಎಂದು ಎಲ್ಲರಿಗೂ ಒಂದೇ ಮಾತು ಹೇಳುವುದನ್ನು ನಿಲ್ಲಿಸಿದ್ದೇನೆ. ನಿಮ್ಮನ್ನು ನೀವೇ ಮೊದಲು ಕೇಳಿಕೊಳ್ಳಬೇಕಾದದ್ದು: ಎಸ್‌ಬಿ ಖಾತೆಯಲ್ಲೋ ಎಫ್‌ಡಿಯಲ್ಲೋ ದುಡ್ಡು ಇದ್ದೂ ಮಿನಿಮಮ್ ಕಟ್ಟುತ್ತಿದ್ದೀರಾ, ಅಥವಾ ನಿಜವಾಗಿ ಇಲ್ಲವೇ?

ದುಡ್ಡು ಇದ್ದರೆ ಇವತ್ತೇ ಪೂರ್ತಿ ಕಟ್ಟಿ. ಎಫ್‌ಡಿ ಮುರಿಯಲು ಮನಸ್ಸಿಲ್ಲದಿದ್ದರೆ ಅದರ ಮೇಲೆ ಸಾಲ ತೆಗೆಯಿರಿ; ಎಫ್‌ಡಿ ಬಡ್ಡಿಗಿಂತ ಸಾಮಾನ್ಯವಾಗಿ ಒಂದೆರಡು ಶೇಕಡಾ ಮಾತ್ರ ಹೆಚ್ಚಿರುತ್ತದೆ. ವರ್ಷಕ್ಕೆ ಶೇ 7 ಗಳಿಸುವ ಹಣವನ್ನು ಕಾಪಾಡಲು ತಿಂಗಳಿಗೆ ಶೇ 4 ಕಳೆದುಕೊಳ್ಳುವುದು ಉಳಿತಾಯವಲ್ಲ.

ದುಡ್ಡು ಇಲ್ಲದಿದ್ದರೆ ನಿಮ್ಮನ್ನು ದೂರಲು ನನಗೆ ಮನಸ್ಸಿಲ್ಲ. ಆಸ್ಪತ್ರೆ ಖರ್ಚೋ ಕಾಲೇಜು ಫೀಸೋ ಕಾರ್ಡಿನ ಮೇಲೆ ಬಿದ್ದಿರಬಹುದು. ಆಗ ಮೊದಲ ಕೆಲಸ ಆ ಕಾರ್ಡನ್ನು ಬಳಸುವುದು ನಿಲ್ಲಿಸುವುದು. ಬಾಕಿ ಉಳಿದಿರುವವರೆಗೆ ‘45 ದಿನ ಬಡ್ಡಿಯಿಲ್ಲ’ ಎಂಬ ಸೌಲಭ್ಯ ಇರುವುದಿಲ್ಲ. ಇವತ್ತು ಕೊಂಡ ದಿನಸಿಗೂ ಇವತ್ತಿನಿಂದಲೇ ಬಡ್ಡಿ. ಎರಡನೆಯದು ಕಡಿಮೆ ಬಡ್ಡಿಯ ಸಾಲಕ್ಕೆ ಬದಲಿಸಿಕೊಳ್ಳುವುದು. ಬ್ಯಾಂಕಿನಲ್ಲಿ ಒಡವೆ ಅಡವಿಟ್ಟು ತೆಗೆದ ಸಾಲ ನೂರಕ್ಕೆ ಒಂದು ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಒಡವೆ ಅಡವಿಡುವುದು ಮರ್ಯಾದೆಯ ಪ್ರಶ್ನೆ ಎಂದು ಹಿಂಜರಿಯುವವರನ್ನು ನೋಡಿದ್ದೇನೆ. ಆದರೆ ಇದು ನಾಲ್ಕು ರೂಪಾಯಿ ಬಡ್ಡಿಯಿಂದ ಒಂದು ರೂಪಾಯಿ ಬಡ್ಡಿಗೆ ಇಳಿಯುವ ಲೆಕ್ಕ. ಅದೂ ಆಗದಿದ್ದರೆ ನಿಮ್ಮ ಕೈಲಾಗುವ ಒಂದು ಮೊತ್ತವನ್ನು, ಬಿಲ್ ನೋಡುವ ಮೊದಲೇ, ಸಂಬಳ ಬಂದ ದಿನ ಮನೆಯವರ ಜೊತೆ ಕೂತು ನಿಶ್ಚಯಿಸಿ. ಅದು 2,500 ಆಗಿರಲಿ, 3,000 ಆಗಿರಲಿ. ಬಿಲ್ ಎಷ್ಟೇ ಇಳಿದರೂ ಅದನ್ನು ಇಳಿಸಬೇಡಿ.

ಬ್ಯಾಂಕಿನ ಆ್ಯಪ್‌ನಲ್ಲಿ ಆಟೋಪೇ ಏನಿದೆ ಎಂದೂ ಒಮ್ಮೆ ನೋಡಿ. ಕಾರ್ಡ್ ತೆಗೆದುಕೊಂಡ ದಿನ ಅರ್ಜಿಯಲ್ಲಿ ‘ಮಿನಿಮಮ್ ಅಮೌಂಟ್’ ಎಂಬಲ್ಲಿ ಗುರುತು ಬಿದ್ದು, ಅದು ನಿಮಗೇ ಮರೆತಿರಬಹುದು. ಹಾಗಿದ್ದರೆ ಈ ತಿಂಗಳು ಹೆಚ್ಚು ಕಟ್ಟಬೇಕು ಎಂದು ನೀವು ಅಂದುಕೊಂಡಿರುವಾಗಲೇ ಖಾತೆಯಿಂದ 2,000 ಹೋಗಿ, ‘ಪಾವತಿ ಯಶಸ್ವಿ, ಧನ್ಯವಾದ’ ಎಂದು ಮೆಸೇಜ್ ಬಂದಿರುತ್ತದೆ.