ರಸ್ತೆ ದಾಟುವ ಕಣ್ಣಿನ ಲೆಕ್ಕ

ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿಯ ಕಲ್ಸಂಕದಲ್ಲೋ ಒಂದು ಸ್ಕೂಟರ್ ಕಿರುಗುಟ್ಟಿ ನಿಂತು, ಅದರ ಎದುರಿದ್ದವರು ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿದು, ಇಬ್ಬರೂ ಪೆಟ್ಟಾಗದೆ ಉಳಿದ ಮರುಕ್ಷಣವೇ ಎರಡು ಮಾತುಗಳು ಕೇಳಿಬರುತ್ತವೆ. "ಒಮ್ಮೆಲೇ ಅಡ್ಡ ಬಂದರೆ ನಾನೇನು ಮಾಡಲಿ?" ಎನ್ನುತ್ತಾರೆ ಸವಾರರು. "ನೋಡಿಯೇ ದಾಟಿದ್ದು, ನೀವು ಎಲ್ಲಿಂದ ಬಂದಿರಿ?" ಎನ್ನುತ್ತಾರೆ ದಾಟುತ್ತಿದ್ದವರು. ಬೆಳಿಗ್ಗೆ ನಡೆಯುವಾಗ ಒಂದನ್ನು, ಕೆಲಸಕ್ಕೆ ಸ್ಕೂಟರಿನಲ್ಲಿ ಹೋಗುವಾಗ ಇನ್ನೊಂದನ್ನು ನಾನೂ ಆಡಿದ್ದೇನೆ. ಈ ಎರಡು ಮಾತುಗಳಲ್ಲಿ ಒಂದು ಸುಳ್ಳಾಗಿರಲೇಬೇಕೆಂದು ಬಹುಕಾಲ ನಂಬಿದ್ದೆ. ಕಣ್ಣು ವೇಗವನ್ನು ಅಳೆಯುವ ರೀತಿಯನ್ನು ಓದಿ ತಿಳಿದ ಮೇಲೆ, ಎರಡೂ ನಿಜವಾಗಿರಬಹುದು ಎಂದು ಮನವರಿಕೆಯಾಯಿತು.

ನೇರವಾಗಿ ನಮ್ಮತ್ತ ಬರುವ ವಾಹನದ ವೇಗವನ್ನು ಕಣ್ಣು ಅಳೆಯುವುದೇ ಇಲ್ಲ. ವಾಹನದ ಬಿಂಬ ಅಕ್ಷಿಪಟಲದ ಮೇಲೆ ಎಷ್ಟು ಬೇಗ ದೊಡ್ಡದಾಗುತ್ತಿದೆ ಎಂಬುದಷ್ಟೇ ಅದಕ್ಕೆ ಸಿಗುವ ಮುಖ್ಯ ಸುಳಿವು. ಕೈಯನ್ನು ಪೂರ್ತಿ ಮುಂದೆ ಚಾಚಿ ಹೆಬ್ಬೆರಳನ್ನು ನೋಡಿದರೆ ಅದರ ಅಗಲ ಸುಮಾರು 2 ಡಿಗ್ರಿಯಷ್ಟು ಕಾಣುತ್ತದೆ. 50 ಮೀಟರ್ ದೂರದ ಕಾರು ಕಾಣುವುದೂ ಹೆಚ್ಚುಕಡಿಮೆ ಅಷ್ಟೇ ಅಗಲವಾಗಿ. ಈ ಬಿಂಬ ಹಿಗ್ಗುವ ಗತಿಗೆ ಒಂದು ವಿಚಿತ್ರ ಗುಣವಿದೆ: ವೇಗ ಅಷ್ಟೇ ಇದ್ದು ವಾಹನದ ದೂರ ಎರಡರಷ್ಟಾದರೆ ಅದು ಕಾಲು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ದೂರದ ವಾಹನ ಬಹಳ ಹೊತ್ತು ನಿಂತಲ್ಲೇ ಇದ್ದಂತೆ ಕಂಡು, ಕೊನೆಯ ಒಂದೆರಡು ಸೆಕೆಂಡುಗಳಲ್ಲಿ ಭರ್ರನೆ ಹಿಗ್ಗಿ ಮೈಮೇಲೆ ಬಂದಂತಾಗುತ್ತದೆ. "ಎಲ್ಲಿಂದ ಬಂತೋ" ಎಂಬ ಉದ್ಗಾರದ ಮೂಲ ಇಲ್ಲಿದೆ.

7 ಮೀಟರ್ ಅಗಲದ ರಸ್ತೆಯನ್ನು ಸಾಧಾರಣ ನಡಿಗೆಯಲ್ಲಿ ದಾಟಲು ಸುಮಾರು 6 ಸೆಕೆಂಡು ಬೇಕು. ಆ 6 ಸೆಕೆಂಡುಗಳಲ್ಲಿ ಗಂಟೆಗೆ 30 ಕಿ.ಮೀ. ವೇಗದ ಸ್ಕೂಟರ್ 50 ಮೀಟರ್ ಸಾಗಿದರೆ, 60 ಕಿ.ಮೀ. ವೇಗದ್ದು 100 ಮೀಟರ್ ಸಾಗುತ್ತದೆ. ಅಂದರೆ ದಾಟಬಹುದೇ ಬೇಡವೇ ಎಂದು ತೀರ್ಮಾನಿಸುವ ಗಳಿಗೆಯಲ್ಲಿ ಮೊದಲನೆಯದನ್ನು 50 ಮೀಟರ್ ದೂರದಲ್ಲಿ, ಎರಡನೆಯದನ್ನು 100 ಮೀಟರ್ ದೂರದಲ್ಲಿ ಗುರುತಿಸಿ ಅಳೆಯಬೇಕು. ಮೊದಲನೆಯದರ ಬಿಂಬ ಆಗ ಸೆಕೆಂಡಿಗೆ ಸುಮಾರು 0.13 ಡಿಗ್ರಿ ಹಿಗ್ಗುತ್ತಿರುತ್ತದೆ, ಎರಡನೆಯದರದು 0.07 ಡಿಗ್ರಿ ಮಾತ್ರ. ವೇಗ ಇಮ್ಮಡಿಯಾದಾಗ ಎಚ್ಚರಿಕೆಯೂ ಇಮ್ಮಡಿಯಾಗಬೇಕಿತ್ತು ಎಂದು ನಮಗನ್ನಿಸುತ್ತದೆ, ಆದರೆ ಅದು ಅರ್ಧವಾಗುತ್ತದೆ. ಹೆಚ್ಚು ಅಪಾಯಕಾರಿಯಾದ ವಾಹನವೇ ಕಣ್ಣಿಗೆ ಕಡಿಮೆ ಸುಳಿವು ಕೊಡುವ ಈ ಸಂಗತಿಯನ್ನು ಪಾದಚಾರಿಯ ಯಾವ ಜಾಗರೂಕತೆಯೂ ಪೂರ್ತಿಯಾಗಿ ತುಂಬಿಕೊಡಲಾರದು.

ಮಕ್ಕಳ ಸ್ಥಿತಿ ಇನ್ನೂ ಕಷ್ಟದ್ದು. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೋವೇ ಕಾಲೇಜಿನ ಮನೋವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಅಧ್ಯಯನವು, ಗಂಟೆಗೆ 20 ಮೈಲಿ, ಎಂದರೆ ಸುಮಾರು 32 ಕಿ.ಮೀ. ಮೀರಿದ ವೇಗದಲ್ಲಿ ಬರುವ ವಾಹನ ಹತ್ತಿರವಾಗುತ್ತಿದೆ ಎಂಬುದನ್ನು ಪ್ರಾಥಮಿಕ ಶಾಲೆಯ ಮಕ್ಕಳು ನೆಚ್ಚಬಹುದಾದಷ್ಟು ಸರಿಯಾಗಿ ಗ್ರಹಿಸಲಾರರು ಎಂದು ತೋರಿಸಿತು. ಮಗು ಎಡಬಲ ನೋಡುತ್ತದೆ, ವಾಹನವನ್ನೂ ಕಾಣುತ್ತದೆ, ಆದರೂ ಅದು ದೂರದಲ್ಲಿ ನಿಂತಿದೆ ಎಂದುಕೊಳ್ಳುತ್ತದೆ. ನಮ್ಮ ಕರಾವಳಿಯಲ್ಲಿ ಶಾಲೆ ಮತ್ತು ಮುಂಗಾರು ಎರಡೂ ಜೂನ್ ತಿಂಗಳಲ್ಲಿ ಒಟ್ಟಿಗೆ ಆರಂಭವಾಗುತ್ತವೆ. ಕಡಲಿನ ಕಡೆಯಿಂದ ಓರೆಯಾಗಿ ಬೀಸುವ ಮಳೆಗೆ ಕೊಡೆಯನ್ನು ಅಡ್ಡ ಹಿಡಿದು ನಡೆಯುವ ಮಗುವಿಗೆ ಆ ಕಡೆಯ ರಸ್ತೆಯೇ ಕಾಣುವುದಿಲ್ಲ. ಹಾಗಿರುವಾಗ "ನೋಡಿ ದಾಟು ಮಗಾ" ಎಂದು ಹೇಳಿ ಕಳುಹಿಸಿ ನಮ್ಮ ಹೊಣೆ ತೀರಿತೆಂದು ಭಾವಿಸುವುದು ನನಗೆ ಸರಿಕಾಣುವುದಿಲ್ಲ.

ಗಾತ್ರವೂ ಕಣ್ಣನ್ನು ತಪ್ಪುದಾರಿಗೆ ಎಳೆಯುತ್ತದೆ. ಒಂದೇ ದೂರದಲ್ಲಿ, ಒಂದೇ ವೇಗದಲ್ಲಿ ಬರುವ ಬಸ್ಸು ಬೇಗ ತಲುಪುವಂತೆಯೂ ಬೈಕು ತಡವಾಗಿ ತಲುಪುವಂತೆಯೂ ನಮಗೆ ತೋರುತ್ತದೆ. ಸಿಟಿ ಬಸ್ಸು ದಾಟಿಹೋಗಲೆಂದು ಕಾದು ನಿಂತವರು ಅದರ ಹಿಂದೆಯೇ ಬರುವ ಬೈಕಿನ ಮುಂದೆ ಕಾಲಿಡುವುದಕ್ಕೆ ಅವಸರದಷ್ಟೇ ಈ ಭ್ರಮೆಯೂ ಕಾರಣ.

ಇನ್ನು ಚಾಲಕರ ಕಣ್ಣಿನ ವಿಚಾರ. ಅಕ್ಷಿಪಟಲದಲ್ಲಿ ಸೂಕ್ಷ್ಮವಾಗಿ ನೋಡಬಲ್ಲ ಭಾಗ ಬಹಳ ಚಿಕ್ಕದು. ಅದು ಹೊರಜಗತ್ತಿನ ಸುಮಾರು 2 ಡಿಗ್ರಿಯನ್ನು, ಅಂದರೆ ಮತ್ತೆ ಅದೇ ಹೆಬ್ಬೆರಳಿನ ಅಗಲವನ್ನು ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಉಳಿದ ದೃಶ್ಯವನ್ನು ಸೆಕೆಂಡಿಗೆ ಮೂರ್ನಾಲ್ಕು ಬಾರಿ ನೋಟವನ್ನು ಜಿಗಿಸುತ್ತಾ ಮಿದುಳು ಜೋಡಿಸಿಕೊಳ್ಳುತ್ತದೆ, ಮತ್ತು ಪ್ರತಿ ಜಿಗಿತದ ನಡುವೆ ದೃಷ್ಟಿ ಕ್ಷಣಕಾಲ ಅಡಗುತ್ತದೆ. ಇದರ ಮೇಲೆ ಕಾರಿನ ಎದುರಿನ ಗಾಜಿನ ಎರಡು ಬದಿಯ ಕಂಬಗಳಿವೆ. ಅಂತಹ ಒಂದು ಕಂಬದ ಮರೆಯಲ್ಲಿ 20 ಮೀಟರ್ ಆಚೆಗಿನ ಮನುಷ್ಯ ಪೂರ್ತಿ ಅಡಗಬಲ್ಲ. ನಂತೂರಿನಂತೆ ಹಲವು ದಿಕ್ಕಿನ ರಸ್ತೆಗಳು ಕೂಡುವ ಕಡೆ ಕಾರೂ ಪಾದಚಾರಿಯೂ ಒಂದೇ ಬಿಂದುವಿನತ್ತ ಸಾಗುತ್ತಿದ್ದರೆ, ಇಬ್ಬರ ವೇಗಗಳ ಹೊಂದಾಣಿಕೆಯಿಂದಾಗಿ ಆ ವ್ಯಕ್ತಿ ಉದ್ದಕ್ಕೂ ಕಂಬದ ಮರೆಯಲ್ಲೇ ಉಳಿದು, ಡಿಕ್ಕಿಯ ಅಂಚಿನಲ್ಲಿ ಮಾತ್ರ ಗೋಚರಿಸುವುದುಂಟು. "ಒಮ್ಮೆಲೇ ಅಡ್ಡ ಬಂದರು" ಎಂಬ ಚಾಲಕರ ದೂರನ್ನು ಬರಿಯ ನೆವವೆಂದು ತಳ್ಳಿಹಾಕಲಾಗದು.

ಕಂಡ ಮೇಲಾದರೂ ನಿಲ್ಲಿಸಬಹುದೇ? ಅಪಾಯವನ್ನು ಅರಿತು ಕಾಲು ಬ್ರೇಕನ್ನು ಒತ್ತಲು ಒಂದು ಸೆಕೆಂಡು ಹಿಡಿಯುತ್ತದೆ ಎಂದುಕೊಳ್ಳೋಣ. ಬಹಳ ಮಂದಿಗೆ ಇದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಒಣ ರಸ್ತೆಯಲ್ಲಿ 30 ಕಿ.ಮೀ. ವೇಗದ ಕಾರು ಸುಮಾರು 13 ಮೀಟರಿನಲ್ಲಿ ಪೂರ್ತಿ ನಿಂತಿರುತ್ತದೆ. ಅದೇ 13 ಮೀಟರನ್ನು ಕ್ರಮಿಸುವಾಗ 50 ಕಿ.ಮೀ. ವೇಗದ ಕಾರಿನ ಬ್ರೇಕ್ ಇನ್ನೂ ಹಿಡಿಯಲು ಆರಂಭಿಸಿರುವುದೇ ಇಲ್ಲ. ಒಂದು ಕಾರು ನಿಂತುಬಿಟ್ಟ ಜಾಗದಲ್ಲಿ ಇನ್ನೊಂದು ತನ್ನ ಪೂರ್ಣ ವೇಗದಲ್ಲೇ ಬಂದು ಬಡಿಯುತ್ತದೆ, ಮತ್ತು ಆ ಬಡಿತ ಸುಮಾರು 10 ಮೀಟರ್ ಎತ್ತರದಿಂದ ಬಿದ್ದಾಗಿನ ವೇಗಕ್ಕೆ ಸಮ. ಮಳೆಯಲ್ಲಿ ಟಯರಿನ ಹಿಡಿತ ಅರ್ಧಕ್ಕಿಳಿದರೆ 50ರ ವೇಗದ ಕಾರಿಗೆ ನಿಲ್ಲಲು 40 ಮೀಟರಿಗಿಂತ ಹೆಚ್ಚು ಬೇಕು. ಬೇಸಿಗೆಯಿಡೀ ರಸ್ತೆಗಂಟಿದ ಎಣ್ಣೆ ಮತ್ತು ಧೂಳು ಮೊದಲ ಮಳೆಗೆ ಕಲಸಿ ಜಾರುವ ದಿನಗಳು ಇನ್ನೂ ಕೆಟ್ಟವು. ದೇಶದಲ್ಲಿ 2022ರಲ್ಲಿ ರಸ್ತೆ ಅಪಘಾತಗಳಿಂದ ಸತ್ತ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು.

ಪಾದಚಾರಿ ರಸ್ತೆಗೆ ಇಳಿಯುವುದೇ ಯಾಕೆ ಎಂದು ಕೇಳುವವರು ನಮ್ಮ ಊರಿನ ಕಾಲುದಾರಿಗಳಲ್ಲಿ ಅರ್ಧ ಕಿ.ಮೀ. ನಡೆದು ನೋಡಬೇಕು. ಇಲ್ಲಿ ಎಷ್ಟೋ ಕಡೆ ಕಾಲುದಾರಿಯೆಂದರೆ ಮಳೆನೀರಿನ ಚರಂಡಿಯ ಮೇಲೆ ಹಾಸಿದ ಚಪ್ಪಡಿಗಳು. ಪ್ರತಿ ಗೇಟಿನ ಎದುರು ಅವು ಇಳಿಯುತ್ತವೆ, ಮತ್ತೆ ಏರುತ್ತವೆ, ನಡುವೆ ಒಂದು ಚಪ್ಪಡಿ ಇರುವುದಿಲ್ಲ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಕಾಲುದಾರಿಯಲ್ಲಿ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲವನ್ನು ಕೇಳುತ್ತದೆ. ಅಂಗವಿಕಲರೂ ಸೇರಿದಂತೆ ಎಲ್ಲರಿಗೂ ಬಳಸಲು ತಕ್ಕ ಕಾಲುದಾರಿಯಿರುವುದು ಸಂವಿಧಾನದ 21ನೇ ವಿಧಿ ಕೊಡುವ ಜೀವಿಸುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಹೇಳಿದೆ. ಮಂಡಿನೋವಿನ ಅಜ್ಜಿಯೊಬ್ಬರು ಈ ಏರಿಳಿತ ಬೇಡವೆಂದು ಡಾಂಬರಿನ ಅಂಚಿನಲ್ಲಿ ನಡೆದರೆ ಅವರ ಲೆಕ್ಕ ಸರಿಯಾಗಿಯೇ ಇದೆ.

ಸೈಕಲ್ ಸವಾರರ ಪಾಡು ಬೇರೆಯದೇ. ಗುಡ್ಡ ಮತ್ತು ಬಯಲು ಸರದಿಯಲ್ಲಿ ಬರುವ ಈ ನೆಲದಲ್ಲಿ ಒಂದೇ ಸೈಕಲ್ ಎರಡು ಬಗೆಯ ವಾಹನವಾಗುತ್ತದೆ. ಸವಾರ ಮತ್ತು ಸೈಕಲ್ ಸೇರಿ 80 ಕೆ.ಜಿ. ತೂಕವಿದ್ದು, 100 ಮೀಟರಿಗೆ 6 ಮೀಟರ್ ಏರುವ ರಸ್ತೆಯಲ್ಲಿ ಏರುವುದಕ್ಕಾಗಿಯೇ 100 ವಾಟ್ ಶಕ್ತಿ ಹಾಕಿದರೂ ವೇಗ ಗಂಟೆಗೆ ಎಂಟು ಕಿ.ಮೀ. ದಾಟದು. ಸೈಕಲ್ ಬೀಳದಂತೆ ಉಳಿಯುವುದು ವಾಲಿದ ಕಡೆಗೆ ಹ್ಯಾಂಡಲನ್ನು ತಿರುಗಿಸುತ್ತಾ ಇರುವುದರಿಂದ. ವೇಗ ತಗ್ಗಿದಷ್ಟೂ ಈ ತಿದ್ದುಪಡಿಗಳು ದೊಡ್ಡದಾಗಬೇಕು. ಬಾವುಟಗುಡ್ಡೆಯನ್ನೋ ಇಂದ್ರಾಳಿಯಿಂದ ಮಣಿಪಾಲದತ್ತಲೋ ಏರುವ ಸೈಕಲ್ ಹಾವಿನಂತೆ ಹೊರಳುವುದು ಹಿಂದಿನ ಕಾರಿನವರನ್ನು ಸತಾಯಿಸಲಿಕ್ಕಲ್ಲ, ಬೇರೆ ರೀತಿಯಲ್ಲಿ ನೆಟ್ಟಗಿರಲು ಸಾಧ್ಯವಿಲ್ಲದ್ದರಿಂದ. ಅದೇ ಸೈಕಲ್ ಇಳಿಜಾರಿನಲ್ಲಿ ಪೆಡಲ್ ತುಳಿಯದೆಯೂ 40 ಕಿ.ಮೀ. ವೇಗ ಮುಟ್ಟಿ ನಗರದ ಇತರ ವಾಹನಗಳಿಗೆ ಸರಿಸಮವಾಗಿ ಸಾಗುತ್ತದೆ. ಹಾಗಾಗಿ ರಸ್ತೆಯ ಎರಡೂ ಬದಿಗೆ ಸೈಕಲ್ ಪಥಕ್ಕೆ ಜಾಗವಿಲ್ಲವೆಂದು ಯೋಜನೆಯನ್ನೇ ಕೈಬಿಡಬೇಕಿಲ್ಲ. ಏರುವ ಬದಿಯಲ್ಲಿ ಮಾತ್ರ ಒಂದೂವರೆ ಮೀಟರ್ ಬಿಟ್ಟುಕೊಟ್ಟರೂ ತಿಕ್ಕಾಟದ ದೊಡ್ಡ ಪಾಲು ಇಲ್ಲವಾಗುತ್ತದೆ. ಸಮತಟ್ಟಾದ ನೆದರ್ಲೆಂಡ್ಸಿನಿಂದ ನಕ್ಷೆ ತರುವುದಕ್ಕಿಂತ ನಮ್ಮ ಗುಡ್ಡಗಳನ್ನು ನೋಡಿ ಯೋಚಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಭೌತಕಾರಣಗಳಿದ್ದರೂ ಜಗಳದಲ್ಲಿ ನಾವು ಎತ್ತುವುದು ಸ್ವಭಾವದ ಮಾತನ್ನು. ಪರರ ವರ್ತನೆಗೆ ಅವರ ಗುಣವನ್ನೂ ನಮ್ಮ ವರ್ತನೆಗೆ ಪರಿಸ್ಥಿತಿಯನ್ನೂ ಕಾರಣವಾಗಿ ಕೊಡುವ ಈ ಒಲವನ್ನು ಮನೋವಿಜ್ಞಾನಿಗಳು ಬಹುಕಾಲದಿಂದ ಬಲ್ಲರು. ಬಸ್ ಚಾಲಕರಿಗೆ ಸೊಕ್ಕು ಎನ್ನುತ್ತೇವೆ. ನಿಲ್ದಾಣದಿಂದ ನಿಲ್ದಾಣಕ್ಕೆ ನಿಮಿಷ ಎಣಿಸುವ ಟೈಮಿಂಗ್ ಅವರ ಬೆನ್ನ ಮೇಲಿರುವುದು ನಮ್ಮ ನೆನಪಿಗೆ ಬರುವುದಿಲ್ಲ.

ಉಡುಪಿಯ ರಥಬೀದಿಯಲ್ಲಿ ಉತ್ಸವದ ರಥ ಎಳೆಯುವ ಹೊತ್ತು ಮಕ್ಕಳು, ಮುದುಕರು, ಹೊರೆ ಹೊತ್ತವರು ಎಲ್ಲ ದಿಕ್ಕಿಗೂ ಅಡ್ಡಾಡುತ್ತಿರುತ್ತಾರೆ. ಅಲ್ಲಿ ಸಿಗ್ನಲ್ ಇಲ್ಲ, ಜೀಬ್ರಾ ಪಟ್ಟಿಯಿಲ್ಲ, ಆದರೂ ಎಲ್ಲರೂ ಪರಸ್ಪರ ದಾರಿ ಬಿಟ್ಟುಕೊಳ್ಳುತ್ತಾರೆ, ಏಕೆಂದರೆ ಅಲ್ಲಿ ಯಾವುದೂ ಮನುಷ್ಯನ ಕಣ್ಣು ಅಳೆಯಲಾರದ ವೇಗದಲ್ಲಿ ಚಲಿಸುವುದಿಲ್ಲ. ಇಡೀ ಊರು ರಥಬೀದಿಯಾಗಲಾರದು, ನಿಜ. ಆಸ್ಟ್ರಿಯಾದ ಗ್ರಾಜ್ ನಗರ 1992ರಲ್ಲೇ ಮುಖ್ಯರಸ್ತೆಗಳನ್ನು ಬಿಟ್ಟು ಉಳಿದೆಲ್ಲ ಬೀದಿಗಳಿಗೆ 30 ಕಿ.ಮೀ. ಮಿತಿ ಹಾಕಿತು. ಪಾದಚಾರಿ, ಸೈಕಲ್ ಮತ್ತು ವಾಹನ ಬೆರೆಯುವ ಬೀದಿಗಳಿಗೆ ಇದೇ ಮಿತಿಯನ್ನು ರಸ್ತೆ ಸುರಕ್ಷತೆ ಕುರಿತ 2020ರ ಸ್ಟಾಕ್‌ಹೋಮ್ ಘೋಷಣೆಯೂ ಸೂಚಿಸಿತು. ವೇಗ 50ರಿಂದ 30ಕ್ಕೆ ಇಳಿದರೆ ಒಂದು ಕಿ.ಮೀ.ಗೆ ಹೆಚ್ಚೆಂದರೆ 48 ಸೆಕೆಂಡು ತಡವಾಗುತ್ತದೆ, ನಗರದೊಳಗೆ ಅದರಲ್ಲಿ ಬಹುಪಾಲು ಮುಂದಿನ ವೃತ್ತದಲ್ಲಿ ಕಾಯುವುದರಲ್ಲೇ ಕಳೆಯುವಂಥದ್ದು.

ಫಲಕ ನೆಟ್ಟರೆ ವೇಗ ತಗ್ಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಶಾಲೆಯ ಎದುರು ಜೀಬ್ರಾ ಪಟ್ಟಿಯನ್ನೇ ಕಾಲುದಾರಿಯ ಮಟ್ಟಕ್ಕೆ ಎತ್ತರಿಸಿ, ಎರಡು ಬದಿಗೂ ಇಳಿಜಾರು ಕೊಟ್ಟು, ಮಳೆನೀರು ಹರಿಯಲು ಕೆಳಗೆ ದಾರಿ ಬಿಟ್ಟು ಕಟ್ಟಿದರೆ, ಯಾರೂ ಹೇಳದೆಯೇ ವಾಹನ 20 ಕಿ.ಮೀ. ಆಸುಪಾಸಿಗೆ ಬರುತ್ತದೆ. ಆ ವೇಗದ ಸ್ಕೂಟರನ್ನು ಮಗು ಅಳೆಯಬೇಕಾದದ್ದು 33 ಮೀಟರ್ ದೂರದಲ್ಲಿ. ಅಲ್ಲಿ ಅದರ ಬಿಂಬ ಸೆಕೆಂಡಿಗೆ 0.2 ಡಿಗ್ರಿ, ಎಂದರೆ 60 ಕಿ.ಮೀ. ವೇಗದ ಸ್ಕೂಟರಿನ ಮೂರರಷ್ಟು ಗತಿಯಲ್ಲಿ ಹಿಗ್ಗುತ್ತಿರುತ್ತದೆ, ಮತ್ತು ಕೊಡೆಯನ್ನು ತುಸು ಮೇಲೆತ್ತಿ ನೋಡಿದ ಮಗುವಿಗೆ ಅದು ತನ್ನತ್ತ ಬರುತ್ತಿರುವುದು ಕಾಣುತ್ತದೆ.