ಮನಸ್ಸು ಬರಲಿ ಎಂದು ಕಾಯುವವರಿಗೆ

ಬಿಡುವಿನಲ್ಲಿ ಮನೆಯಲ್ಲೇ ಮಾಡಬಹುದಾದ ಹವ್ಯಾಸಗಳ ಪಟ್ಟಿ ಬರೆದುಕೊಡಿ ಎಂದು ಯಾರಾದರೂ ಕೇಳಿದರೆ ನಾನು ಈಗ ಕೊಡುವುದಿಲ್ಲ. ಮೊದಲು ಕೊಡುತ್ತಿದ್ದೆ. ವೃತ್ತಿಯ ಮೊದಲ ಐದಾರು ವರ್ಷ ಅಂಥ ಪಟ್ಟಿಗಳನ್ನು ಶ್ರದ್ಧೆಯಿಂದ, ವಯಸ್ಸು ನೋಡಿ, ಮಂಡಿನೋವು ನೋಡಿ ತಯಾರಿಸಿದ್ದೇನೆ. ಜನ ಅದನ್ನು ನಾಲ್ಕಾಗಿ ಮಡಿಸಿ ಕಿಸೆಗೆ ಹಾಕಿಕೊಂಡು ಹೋಗುತ್ತಿದ್ದರು. ಮುಂದಿನ ತಿಂಗಳು ಬಂದಾಗ ಅದೇ ಕಿಸೆಯಿಂದ ಅದೇ ನಾಲ್ಕು ಮಡಿಕೆಯಲ್ಲಿ ಅದು ಹೊರಬರುತ್ತಿತ್ತು. ಏನಾದರೂ ಮಾಡಿದಿರಾ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಮಾಡಬೇಕು ಎಂದುಕೊಂಡೆ ಮೇಡಂ, ಮನಸ್ಸೇ ಬರಲಿಲ್ಲ."

ನಾನು ಆಕ್ಯುಪೇಷನಲ್ ಥೆರಪಿಸ್ಟ್. ಈ ಹೆಸರು ಕೇಳಿ ಮಗನಿಗೊಂದು ಉದ್ಯೋಗ ಕೊಡಿಸಬಹುದೇ ಎಂದು ವಿಚಾರಿಸಿದವರಿದ್ದಾರೆ. ಸ್ನಾನ ಮಾಡುವುದು, ಅಂಗಿ ತೊಡುವುದು, ಅಡುಗೆ, ಆಟ, ಹವ್ಯಾಸ, ಹೀಗೆ ಮನುಷ್ಯ ದಿನವಿಡೀ ಮಾಡುವುದೆಲ್ಲವೂ ನಮ್ಮ ಲೆಕ್ಕದಲ್ಲಿ 'ಆಕ್ಯುಪೇಷನ್.' ಕೆಲಸ, ಆಟ, ವಿಶ್ರಾಂತಿ, ನಿದ್ರೆ ಈ ನಾಲ್ಕೂ ಹದವಾಗಿರಬೇಕು ಎಂದು ಮನೋವೈದ್ಯ ಅಡಾಲ್ಫ್ ಮೇಯರ್ 1922ರಲ್ಲೇ ಬರೆದಿದ್ದರು. ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ಮೊದಲನೆಯದನ್ನೂ ಕೊನೆಯದನ್ನೂ ಹೇಗೋ ನಿಭಾಯಿಸುತ್ತಾರೆ. ನಡುವಿನ ಎರಡರ ಹತ್ತಿರ ಬಂದಾಗ ಮಾತ್ರ ಮನಸ್ಸಿನ ಅಪ್ಪಣೆಗಾಗಿ ಬಾಗಿಲಲ್ಲಿ ನಿಂತುಬಿಡುತ್ತಾರೆ.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದೊಂದೇ ಆದ್ದರಿಂದ ನಿಧಾನವಾಗಿಯೇ ಹೇಳುತ್ತೇನೆ. ಒಂದು ಚಟುವಟಿಕೆಯನ್ನು ಶುರುಮಾಡಬೇಕು ಎನ್ನಿಸುವುದು ಬೇರೆ, ಮಾಡುವಾಗ ಅದು ಇಷ್ಟವಾಗುವುದು ಬೇರೆ. ಎರಡೂ ಒಂದೇ ಎಂದು ನಾವು ತಿಳಿದಿದ್ದೇವೆ. ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಸಂಗಡಿಗರು 1980ರ ದಶಕದ ಕೊನೆಯಲ್ಲಿ ಇಲಿಗಳ ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಹುತೇಕ ಇಲ್ಲದಂತೆ ಮಾಡಿ ನೋಡಿದರು. ಆ ಇಲಿಗಳು ತಾವಾಗಿ ಏನನ್ನೂ ತಿನ್ನುತ್ತಿರಲಿಲ್ಲ. ಆಹಾರ ಪಕ್ಕದಲ್ಲೇ ಇದ್ದರೂ ಹಾಗೇ ಬಿಟ್ಟರೆ ಹಸಿದೇ ಸಾಯುವ ಸ್ಥಿತಿ. ಆದರೆ ಸಿಹಿನೀರನ್ನು ಬಾಯಿಗೆ ಬಿಟ್ಟಾಗ ಮಾಮೂಲಿ ಇಲಿಗಳಂತೆಯೇ ತುಟಿ ಸವರಿಕೊಂಡವು. ರುಚಿ ನೋಡುವ ಶಕ್ತಿ ಪೂರ್ತಿ ಉಳಿದಿತ್ತು. ಹೋಗಿದ್ದು ಆಹಾರದ ಕಡೆಗೆ ಹೊರಡುವ ಎಳೆತ.

ಮನುಷ್ಯರು ಇಲಿಗಳಲ್ಲ, ಸಂಜೆ ಸೋಫಾದ ಮೇಲೆ ಒರಗಿದವರ ಡೋಪಮೈನ್ ಅನ್ನು ಯಾರೂ ಕಿತ್ತುಕೊಂಡಿಲ್ಲ. ಹೋಲಿಕೆಯನ್ನು ತೀರ ಎಳೆಯಲಾರೆ. ಆದರೂ ನನ್ನೆದುರು ಕುಳಿತು "ನನಗೀಗ ಯಾವುದರಲ್ಲೂ ಆಸಕ್ತಿ ಇಲ್ಲ" ಎನ್ನುವವರಲ್ಲಿ ಬಹಳಷ್ಟು ಜನ ಆಹಾರದ ಪಕ್ಕದಲ್ಲೇ ಕುಳಿತ ಆ ಇಲಿಗಳ ಹಾಗೆಯೇ ಕಾಣುತ್ತಾರೆ. ಹೊರಡುವ ಎಳೆತ ಇಲ್ಲದ್ದನ್ನು ಅವರು ರುಚಿಯೇ ಸತ್ತಿದೆ ಎಂದು ಓದಿಕೊಂಡಿರುತ್ತಾರೆ. ಒಮ್ಮೆ ಹಾಗೆ ಓದಿಕೊಂಡರೆ ಮುಗಿಯಿತು, ಮತ್ತೆ ಪರೀಕ್ಷಿಸಿ ನೋಡುವ ಗೋಜಿಗೇ ಹೋಗುವುದಿಲ್ಲ.

ಒಬ್ಬ ಹಿರಿಯರ ವಿಷಯ ಹೇಳುತ್ತೇನೆ. ಗುರುತು ಸಿಗದಿರಲೆಂದು ಒಂದೆರಡು ವಿವರ ಬದಲಿಸಿದ್ದೇನೆ. ಅರವತ್ತು ದಾಟಿದ ತಾಯಿಯನ್ನು ಮಗಳು ಕರೆತಂದಿದ್ದರು. ಅಮ್ಮ ಸುಮ್ಮನೆ ಕುಳಿತೇ ಇರುತ್ತಾರೆ, ಮೊದಲು ಮನೆಮಂದಿಯ ಬಟ್ಟೆಯನ್ನೆಲ್ಲ ಇವರೇ ಹೊಲಿಯುತ್ತಿದ್ದರು, ಈಗ ಒಂದು ಗುಂಡಿಯನ್ನೂ ಹಾಕುವುದಿಲ್ಲ ಎಂಬುದು ಮಗಳ ದೂರು. ತಾಯಿ ಸಮಾಧಾನದಿಂದ ಕೇಳಿಸಿಕೊಂಡು, "ಹೊಲಿಗೆಯ ಆಸೆಯೆಲ್ಲ ಯಾವತ್ತೋ ಹೋಯಿತು ಡಾಕ್ಟರೇ" ಎಂದರು. ನಾನು ಡಾಕ್ಟರ್ ಅಲ್ಲ ಎಂದು ಹೇಳಿದೆ. "ಆಯಿತು ಡಾಕ್ಟರೇ" ಎಂದರು.

ನನಗೆ ಅವರ ಮನೆ ನೋಡಬೇಕಿತ್ತು. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕುಳಿತು ಹವ್ಯಾಸದ ಬಗ್ಗೆ ಮಾತಾಡುವುದು ದಡದಲ್ಲಿ ನಿಂತು ಈಜು ಕಲಿಸಿದಂತೆ. ಹೋಗಿ ನೋಡಿದರೆ ಹೊಲಿಗೆ ಯಂತ್ರ ಕೋಣೆಯ ಬಾಗಿಲ ಹಿಂದಿನ ಮೂಲೆಯಲ್ಲಿತ್ತು. ಬಾಗಿಲು ಪೂರ್ತಿ ತೆರೆದರೆ ಯಂತ್ರಕ್ಕೆ ತಾಗುತ್ತಿತ್ತು. ಅದರ ಮೇಲೆ ಇಸ್ತ್ರಿಗೆ ಹೋಗಬೇಕಾದ ಬಟ್ಟೆಯ ರಾಶಿ, ಕಾಲಿಡುವ ಪೆಡಲ್ ಮೇಲೆ ಹಳೆಯ ಪತ್ರಿಕೆಗಳ ಕಟ್ಟು. ದಾರದ ಡಬ್ಬಿ ಬೇರೆ ಕೋಣೆಯ ಅಲಮಾರಿನಲ್ಲಿ, ಅದೂ ಮೇಲಿನ ಅರೆಯಲ್ಲಿ.

ಇಲ್ಲಿ ನಮ್ಮ ಕಸುಬಿನ ಒಂದು ಅಭ್ಯಾಸವನ್ನು ಹೇಳಬೇಕು. ಪಾರ್ಶ್ವವಾಯು ಹೊಡೆದವರಿಗೆ ಅಂಗಿ ತೊಡುವುದನ್ನು ಮತ್ತೆ ಕಲಿಸುವಾಗ ನಾವು ಆ ಒಂದು ಕೆಲಸವನ್ನು ಚೂರುಚೂರಾಗಿ ಬಿಡಿಸುತ್ತೇವೆ. ಅಂಗಿಯ ಹಿಂದು ಮುಂದು ಗುರುತಿಸುವುದು, ಅದನ್ನು ತೊಡೆಯ ಮೇಲೆ ಹರಡುವುದು, ಬಲಹೀನವಾದ ಕೈಯನ್ನೇ ಮೊದಲು ತೋಳಿನೊಳಗೆ ತೂರಿಸುವುದು, ಭುಜದ ತನಕ ಎಳೆದುಕೊಳ್ಳುವುದು, ಹೀಗೆ. ಆರೋಗ್ಯವಂತರಿಗೆ ಇದೆಲ್ಲ ಒಂದೇ ಕೆಲಸವಾಗಿ ಕಾಣುತ್ತದೆ. ಯಾವ ಚೂರಿನಲ್ಲಿ ರೋಗಿ ಸಿಕ್ಕಿಕೊಳ್ಳುತ್ತಾರೆ ಎಂದು ಕಂಡುಹಿಡಿಯುವುದೇ ನಮ್ಮ ವಿದ್ಯೆಯ ಅರ್ಧಪಾಲು. ಅದೇ ಕಣ್ಣಿನಿಂದ ಆ ಯಂತ್ರವನ್ನು ನೋಡಿದೆ. ಮೊದಲ ಹೊಲಿಗೆ ಬೀಳುವ ಮೊದಲು ಬಟ್ಟೆಯ ರಾಶಿ ಎತ್ತಬೇಕು, ಅದನ್ನಿಡಲು ಜಾಗ ಹುಡುಕಬೇಕು, ಪತ್ರಿಕೆ ಸರಿಸಬೇಕು, ಯಂತ್ರವನ್ನು ಬೆಳಕಿಗೆ ಎಳೆಯಬೇಕು, ಸ್ಟೂಲ್ ತಂದು ಹತ್ತಿ ದಾರ ಇಳಿಸಬೇಕು, ಬಾಬಿನ್‌ಗೆ ದಾರ ಸುತ್ತಬೇಕು, ಕನ್ನಡಕ ಎಲ್ಲಿದೆ ಎಂದು ನೋಡಬೇಕು, ಸೂಜಿಯ ಕಣ್ಣಿಗೆ ದಾರ ಪೋಣಿಸಬೇಕು. ಇಷ್ಟರಲ್ಲಿ ಒಂದೂ ಹೊಲಿಗೆಯಲ್ಲ, ಒಂದರಲ್ಲೂ ಸಂತೋಷವಿಲ್ಲ. ಅವರಿಗೆ ಸಾಕಾಗಿದ್ದು ಈ ಎತ್ತಿಡುವ, ಎಳೆದಾಡುವ ಕೆಲಸ. ಹೆಸರು ಮಾತ್ರ ಹೊಲಿಗೆಯ ಮೇಲೆ ಬಂದಿತ್ತು.

ಮಗಳೂ ನಾನೂ ಸೇರಿ ಯಂತ್ರವನ್ನು ಕಿಟಕಿಯ ಬಳಿ ತಂದೆವು. ದಾರದ ಡಬ್ಬಿಯನ್ನು ಅದರ ಪಕ್ಕದಲ್ಲೇ ಇಟ್ಟೆವು. ಅಮ್ಮನ ಕೈಗೆ ಒಂದು ಚೀಟಿ ಕೊಟ್ಟು, ಈಗ ಯಂತ್ರದ ಮುಂದೆ ಕುಳಿತರೆ ಎಷ್ಟು ಖುಷಿಯಾಗಬಹುದು, ಹತ್ತರಲ್ಲಿ ಅಂಕ ಬರೆಯಿರಿ ಎಂದೆ. ನನ್ನ ಮೇಲಿನ ಮರ್ಯಾದೆಗೆ ಎಂಬಂತೆ ಎರಡು ಬರೆದರು. ಹೊಲಿಯುವುದು ಬೇಡ, ಬರೀ ದಾರ ಪೋಣಿಸಿ ಎದ್ದುಬಿಡಿ ಎಂದೆ. ಅವರು ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಎರಡು ಬೆರಳಲ್ಲಿ ಹೊಸೆದು ಚೂಪು ಮಾಡಿ, ಮೊದಲ ಸಲಕ್ಕೇ ಸೂಜಿಯ ಕಣ್ಣಲ್ಲಿ ತೂರಿಸಿದರು. ಆಮೇಲೆ ಏಳಲಿಲ್ಲ. ಹರಿದ ದಿಂಬಿನ ಗವಸೊಂದನ್ನು ತರುವಂತೆ ಮಗಳಿಗೆ ಹೇಳಿದರು. ಅದರ ಅಂಚು ಹೊಲಿದಾಯಿತು, ಇನ್ನೊಂದು ಗವಸು ಬಂತು. ನಾನು ಹೊರಡುತ್ತೇನೆ ಎಂದಾಗ ತಲೆಯೆತ್ತದೆ ಒಂದು ಕೈ ಮಾತ್ರ ಎತ್ತಿ, ತಾಳಿ ಎಂಬಂತೆ ತಡೆದರು. ಚೀಟಿಯಲ್ಲಿ ಐದು ಎಂದು ಬರೆದು, ಹೊಡೆದುಹಾಕಿ, ಏಳು ಮಾಡಿ ಕೊಟ್ಟರು.

ಈ ಚೀಟಿಯ ಉಪಾಯ ನನ್ನದಲ್ಲ. ದಿನದ ಚಟುವಟಿಕೆಗಳಿಗೆ ಸಾಧನೆಗೆ ಇಷ್ಟು, ಸಂತೋಷಕ್ಕೆ ಇಷ್ಟು ಎಂದು ಅಂಕ ಹಾಕಿಸುವುದನ್ನು ಮನೋವೈದ್ಯ ಆರನ್ ಬೆಕ್ ತಮ್ಮ ಖಿನ್ನತೆಯ ಚಿಕಿತ್ಸೆಯಲ್ಲಿ ಬಳಸುತ್ತಿದ್ದರು. ಮಾಡುವ ಮೊದಲೇ ಅಂದಾಜು ಬರೆಸಿ ಆಮೇಲೆ ಹೋಲಿಸುವ ಪದ್ಧತಿಯೂ ಅದೇ ಪರಂಪರೆಯದು. 1996ರಲ್ಲಿ ನೀಲ್ ಜೇಕಬ್ಸನ್ ಮತ್ತು ಸಂಗಡಿಗರು ಆ ಚಿಕಿತ್ಸೆಯ ಭಾಗಗಳನ್ನು ಬೇರ್ಪಡಿಸಿ ಪರೀಕ್ಷಿಸಿದಾಗ, ಜನರನ್ನು ಚಟುವಟಿಕೆಗೆ ಹಚ್ಚುವ ಭಾಗವೊಂದೇ ಇಡೀ ಚಿಕಿತ್ಸೆಯಷ್ಟು ಫಲ ಕೊಟ್ಟಿತ್ತು. ಮನಸ್ಸು ಸರಿಹೋಗುವ ತನಕ ಕೈ ಕಾಯಬೇಕಾಗಿರಲಿಲ್ಲ. ನಾನು ಚೀಟಿ ಬರೆಸುವುದು ಮಾತ್ರ ಇನ್ನೂ ಸಣ್ಣ ಕಾರಣಕ್ಕೆ: ನನ್ನ ಮಾತನ್ನು ಯಾರೂ ನಂಬುವುದಿಲ್ಲ, ತಮ್ಮ ಕೈಬರಹವನ್ನು ನಂಬುತ್ತಾರೆ. ಪ್ರತಿ ಸಲವೂ ಎರಡು ಏಳಾಗುತ್ತದೆ ಎಂದೇನೂ ಇಲ್ಲ. ಮೂರು ಮೂರಾಗಿಯೇ ಉಳಿದದ್ದನ್ನೂ ನೋಡಿದ್ದೇನೆ. ಆಗ ಆ ಹವ್ಯಾಸ ನಿಜಕ್ಕೂ ಬೇಡವಾಗಿದೆ ಎಂದು ತಿಳಿದು, ಆ ಗಿಟಾರನ್ನೋ ಬಣ್ಣದ ಪೆಟ್ಟಿಗೆಯನ್ನೋ ಬೇರೆ ಯಾರಿಗಾದರೂ ಕೊಟ್ಟು ಹಗುರಾಗಬಹುದು. ಅದೂ ಲಾಭವೇ.

ಇಷ್ಟು ಹೇಳುವಾಗ ಮೊಬೈಲನ್ನು ಬೈಯಲಿ ಎಂದು ಎದುರಿಗಿರುವವರು, ಮುಖ್ಯವಾಗಿ ಅವರ ಮನೆಯವರು, ಆಸೆಯಿಂದ ಕಾಯುತ್ತಾರೆ. ನಾನು ಬೈಯುವುದಿಲ್ಲ. ಚೂರು ಬಿಡಿಸುವ ನನ್ನ ಲೆಕ್ಕದಲ್ಲಿ ಮೊಬೈಲ್ ಗೆಲ್ಲುವುದು ಸಹಜ. ಅದಕ್ಕೆ ಸ್ಟೂಲ್ ಬೇಡ, ಬಾಬಿನ್ ಬೇಡ, ಅದು ಕೈಯಲ್ಲೇ ಇದೆ. ನಿಮ್ಮ ಚಿತ್ರದ ಹಲಗೆ ಮಂಚದ ಕೆಳಗೆ ಮೂರು ಪೆಟ್ಟಿಗೆಗಳ ಹಿಂದಿದ್ದರೆ ಸ್ಪರ್ಧೆ ಶುರುವಾಗುವ ಮೊದಲೇ ತೀರ್ಪಾಗಿರುತ್ತದೆ. ಅದನ್ನು ಮನೋದೌರ್ಬಲ್ಯ ಎಂದು ಕರೆದುಕೊಂಡು ಕೊರಗುವವರನ್ನು ಕಂಡರೆ ನನಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ.

ಆ ಸಿಟ್ಟು ನನ್ನ ಮೇಲೂ ಬಂದದ್ದುಂಟು. ನನ್ನದೊಂದು ಕೊಳಲು ಜಿಪ್ ಹಾಕಿದ ಚೀಲದಲ್ಲಿ, ಅಲಮಾರಿನ ನೆತ್ತಿಯ ಮೇಲೆ, ಕಂಬಳಿಗಳ ಹಿಂದೆ ಏಳು ವರ್ಷ ಮಲಗಿತ್ತು. ವಯಸ್ಸಾಯಿತು, ಉಸಿರು ಸಾಲದು, ಸಂಗೀತದ ಹುಚ್ಚು ಇಳಿಯಿತು ಎಂದು ನಾನೂ ಘನವಾದ ಕಾರಣಗಳನ್ನೇ ಹೇಳಿಕೊಂಡಿದ್ದೆ. ಮನೆಗೆ ಸುಣ್ಣಬಣ್ಣ ಬಳಿಸುವಾಗ ಅದು ಕೆಳಗಿಳಿಯಿತು. ಪುನಃ ಮೇಲಿಡಲು ಸೋಮಾರಿತನವಾಗಿ ಊಟದ ಮೇಜಿನ ಮೇಲೆ ಬಿಟ್ಟೆ. ಈಗ ಮನೆಯವರು ಬೇಡ ಎನ್ನುವಷ್ಟು ನುಡಿಸುತ್ತೇನೆ. ಉಸಿರು ನಿಜಕ್ಕೂ ಸಾಲದು, ಅದು ಬೇರೆ ಮಾತು.

ಕೆಲವರು ಈ ಮಾತನ್ನು ಅತಿಯಾಗಿ ಅರ್ಥಮಾಡಿಕೊಳ್ಳುತ್ತಾರೆ. ಎಂಜಿನಿಯರ್ ಒಬ್ಬರು ಮುಂದಿನ ಭೇಟಿಗೆ ಬಣ್ಣಬಣ್ಣದ ವೇಳಾಪಟ್ಟಿ ಮಾಡಿಕೊಂಡು ಬಂದರು. ಅದರಲ್ಲಿ '6.30ರಿಂದ 7.15: ಗಿಟಾರ್, ಆನಂದಕ್ಕಾಗಿ' ಎಂದು ಬರೆದಿತ್ತು. 7.15ಕ್ಕೆ ಅಲಾರಂ ಬೇರೆ. ಮನಸ್ಸಿಗಾಗಿ ಕಾಯಬೇಡಿ ಎಂದು ಹೇಳಿದ್ದು ನಾನೇ, ಆದ್ದರಿಂದ ನಗುವಂತಿರಲಿಲ್ಲ. ಒಂದು ವಾರದ ಬಳಿಕ ಅವರಿಗೆ ಗಿಟಾರ್ ಕಚೇರಿಯ ಮೀಟಿಂಗಿನಂತೆ ಕಾಣತೊಡಗಿತ್ತು. ಬಿಡುವಿನ ಸಂತೋಷಕ್ಕೆ ಗಂಟೆ ನಿಮಿಷ ಗೊತ್ತುಮಾಡಿದರೆ ಅದು ಕೆಲಸದಂತೆ ಅನ್ನಿಸತೊಡಗುತ್ತದೆ ಎಂದು ಗೇಬ್ರಿಯೆಲಾ ಟೊನಿಯೆಟ್ಟೊ ಮತ್ತು ಸೆಲಿನ್ ಮಾಲ್ಕೊಕ್ 2016ರಲ್ಲಿ ತೋರಿಸಿದ್ದಾರೆ. ಅದೇ ಚಟುವಟಿಕೆಯನ್ನು ಗಡಿಯಾರಕ್ಕೆ ಕಟ್ಟದೆ ಸಡಿಲವಾಗಿ ಗೊತ್ತುಮಾಡಿಕೊಂಡರೆ ಆ ತೊಂದರೆ ಇರಲಿಲ್ಲ. ಹಾಗಾಗಿ ಎಂಜಿನಿಯರ್ ಅವರಿಗೆ ಹೇಳಿದ್ದು ಇಷ್ಟೇ: ಕೆಲಸದಿಂದ ಬಂದು ಕೈಕಾಲು ತೊಳೆದ ಮೇಲೆ ಎಂದು ಇಟ್ಟುಕೊಳ್ಳಿ, ಗಿಟಾರನ್ನು ಚೀಲದಿಂದ ತೆಗೆದು ಗೋಡೆಗೆ ಒರಗಿಸಿ, ಅಲಾರಂ ತೆಗೆದುಹಾಕಿ. ವೇಳಾಪಟ್ಟಿಯ ಬಣ್ಣಗಳ ಬಗ್ಗೆ ಅವರಿಗೆ ತುಂಬ ಅಭಿಮಾನವಿತ್ತು, ಬಿಡುವಾಗ ಮುಖ ಚಿಕ್ಕದಾಯಿತು.

ಸುಮ್ಮನೆ ಕೂರುವುದು ತಪ್ಪು ಎಂದು ನಾನು ಹೇಳುತ್ತಿದ್ದೇನೆಂದು ಯಾರೂ ತಿಳಿಯಬಾರದು. ದಣಿದ ದೇಹ ಒರಗಬೇಕು. ಕಿಟಕಿಯಾಚೆ ನೋಡುತ್ತ ಅರ್ಧ ಗಂಟೆ ಕಳೆದವರಿಗೆ ಚೀಟಿಯಲ್ಲಿ ಎಂಟು ಅಂಕ ಬಂದಿದ್ದರೆ ನನ್ನ ತಕರಾರಿಲ್ಲ. ಅಂಕ ಒಂದು ಬಂದಿದ್ದು, ನಾಳೆಯೂ ಅದನ್ನೇ ಮಾಡುವವರ ಬಗ್ಗೆ ನನ್ನ ಮಾತು. ಮಿಹಾಯ್ ಚಿಕ್ಸೆಂಟ್‌ಮಿಹಾಯಿ ಮತ್ತು ಜುಡಿತ್ ಲೆಫೆವ್ರ್ ಜನರಿಗೆ ಪೇಜರ್ ಕೊಟ್ಟು, ಅದು ಸದ್ದು ಮಾಡಿದಾಗ ಏನು ಮಾಡುತ್ತಿದ್ದಿರಿ, ಹೇಗನ್ನಿಸುತ್ತಿತ್ತು ಎಂದು ಬರೆಸಿದ ಅಧ್ಯಯನ 1989ರಲ್ಲಿ ಪ್ರಕಟವಾಯಿತು. ಮೈಮರೆತು ತೊಡಗುವ ಅನುಭವ ಅವರಿಗೆ ಬಿಡುವಿಗಿಂತ ಕೆಲಸದಲ್ಲೇ ಹೆಚ್ಚು ಸಿಕ್ಕಿತ್ತು. ಆದರೂ ಕೆಲಸದಲ್ಲಿದ್ದಾಗ, ಬೇರೇನಾದರೂ ಮಾಡುತ್ತಿದ್ದರೆ ಚೆನ್ನಾಗಿತ್ತು ಎಂದೇ ಬಯಸುತ್ತಿದ್ದರು. ಈ ಫಲಿತಾಂಶವನ್ನು ಮೊದಲ ಸಲ ಓದಿದಾಗ ನನಗೆ ನಗು ಬಂದಿತ್ತು. ಈಗ ಅದು ಪ್ರತಿ ಸೋಮವಾರ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆದು ಒಳಗೆ ಬರುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಹಗುರವಾಗಿ ಹೇಳಲಾರೆ. ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ ಬಹುತೇಕ ಪ್ರತಿದಿನ ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ, ಮಾಡುವಾಗಲೂ ರುಚಿ ಹತ್ತದಿದ್ದರೆ, ನಿದ್ರೆ ಹಸಿವು ಏರುಪೇರಾಗಿದ್ದರೆ, ಬದುಕೇ ಬೇಡ ಎನ್ನಿಸುತ್ತಿದ್ದರೆ ಅಲ್ಲಿ ಯಂತ್ರವನ್ನು ಕಿಟಕಿಯ ಬಳಿ ಸರಿಸುವ ಉಪಾಯ ಸಾಲದು. ಅದು ಖಿನ್ನತೆಯಾಗಿರಬಹುದು, ಥೈರಾಯ್ಡ್‌ನಂತಹ ದೈಹಿಕ ಕಾರಣವೂ ಇರಬಹುದು. ವೈದ್ಯರ ಬಳಿ ಹೋಗಬೇಕು. ಅಂಥವರಿಗೆ "ಎದ್ದು ಏನಾದರೂ ಮಾಡು" ಎನ್ನುವ ಮನೆಯವರು ಈ ಅಂಕಣವನ್ನು ಸಾಕ್ಷಿಗೆ ಕರೆಯಬಾರದು ಎಂದು ಕೇಳಿಕೊಳ್ಳುತ್ತೇನೆ. ಆ ತಾಯಿಯನ್ನೂ ನಾನು ಮೊದಲು ಕಳಿಸಿದ್ದು ವೈದ್ಯರ ಬಳಿಗೇ. ಅಲ್ಲಿಂದ ಏನೂ ಇಲ್ಲವೆಂದು ಬಂದ ಮೇಲೆ ಅವರ ಮನೆಗೆ ಹೋದದ್ದು.

ಅವರು ಕಳೆದ ವಾರ ಫೋನ್ ಮಾಡಿದ್ದರು. ದಿಂಬಿನ ಗವಸುಗಳೆಲ್ಲ ಮುಗಿದು ಈಗ ಮೊಮ್ಮಗಳ ಲಂಗಕ್ಕೆ ಕೈಹಾಕಿದ್ದಾರಂತೆ. ಕರೆ ಮಾಡಿದ ಉದ್ದೇಶ ಬೇರೆಯೇ ಇತ್ತು. ಮಗಳು ಇಸ್ತ್ರಿಯ ಬಟ್ಟೆಗಳನ್ನು ಮತ್ತೆ ತಂದು ಯಂತ್ರದ ಮೇಲೆ ಇಡುತ್ತಿದ್ದಾಳೆ, ನಾನು ಹೇಳಿದರೆ ಕೇಳುವುದಿಲ್ಲ, ನೀವೇ ಒಂದು ಮಾತು ಹೇಳಿ ಡಾಕ್ಟರೇ ಎಂದರು.