ಬೆರಳಚ್ಚು ಇದೆ, ಸರಿ, ಪಿನ್ ಏನಿಟ್ಟಿದ್ದೀರಿ?

ಫೋನಿನ ಭದ್ರತೆ ಬಗ್ಗೆ ಸಲಹೆ ಕೇಳುವವರ ಮೊದಲ ಪ್ರಶ್ನೆ ಬಹುಪಾಲು ಒಂದೇ: ಫಿಂಗರ್‌ಪ್ರಿಂಟ್ ಸೆನ್ಸರ್ ನಂಬಬಹುದಾ? ನಂಬಬಹುದು, ಧಾರಾಳವಾಗಿ ಬಳಸಿ. ಉತ್ತರ ಅಷ್ಟೇ. ತಲೆ ಕೆಡುವುದು ಅದರ ಹಿಂದೆಯೇ ಬರುವ ಮಾತಿನಿಂದ: "ಬೆರಳಚ್ಚು ಹಾಕಿದ್ದೀನಲ್ಲ, ಪಿನ್ ಏನೋ ಒಂದು ಇಟ್ಟಿದ್ದೀನಿ ಬಿಡಿ." ಆ 'ಏನೋ ಒಂದು' ವಿಚಾರಿಸಿದರೆ 1234, 0000, ಇಲ್ಲವೇ ಹುಟ್ಟಿದ ಇಸವಿ.

ಬೆರಳಚ್ಚು ಬಂದರೆ ಪಿನ್ ಹೋಯಿತು ಎಂದು ಜನ ತಿಳಿದಿದ್ದಾರೆ. ಹೋಗಿಲ್ಲ. ಅನುಮಾನವಿದ್ದರೆ ಈಗಲೇ ಪರೀಕ್ಷಿಸಿ. ಸೆಟ್ಟಿಂಗ್ಸ್ ತೆರೆಯಿರಿ, ಫಿಂಗರ್‌ಪ್ರಿಂಟ್ ಎಂದಿರುವಲ್ಲಿಗೆ ಹೋಗಿ, ಹೊಸ ಬೆರಳು ಸೇರಿಸಲು ನೋಡಿ. ಫೋನು ಕೇಳುವುದು ಪಿನ್. ನಿಮ್ಮ ಪಿನ್ ಗೊತ್ತಿರುವ ಯಾರೇ ಆಗಲಿ, ಇದೇ ಜಾಗಕ್ಕೆ ಬಂದು ತಮ್ಮ ಬೆರಳು ಸೇರಿಸಬಹುದು, ನಿಮ್ಮದನ್ನು ಅಳಿಸಲೂಬಹುದು. ಅಷ್ಟು ಶ್ರಮವೂ ಬೇಕಿಲ್ಲ. ಲಾಕ್ ಪರದೆಯಲ್ಲಿ ತಪ್ಪು ಬೆರಳು ಒತ್ತಿದರೆ ಅಥವಾ ಪರದೆಯನ್ನು ಮೇಲಕ್ಕೆ ಸರಿಸಿದರೆ ಪಿನ್ ಒತ್ತುವ ಅಂಕಿಗಳು ತಾವಾಗಿಯೇ ಮೂಡುತ್ತವೆ. ಎರಡರಲ್ಲಿ ಯಾವುದು ಸರಿಯಾದರೂ ಫೋನು ತೆರೆಯುತ್ತದೆ ಎಂದಮೇಲೆ ಫೋನಿನ ಗಟ್ಟಿತನ ಎರಡರಲ್ಲಿ ದುರ್ಬಲವಾದುದರಷ್ಟೇ.

"ಹಾಗಾದರೆ ಪಿನ್ ತೆಗೆದುಬಿಡುತ್ತೇನೆ, ಬೆರಳಚ್ಚು ಮಾತ್ರ ಇರಲಿ" ಎನ್ನುವವರೂ ಇದ್ದಾರೆ. ಅದಕ್ಕೆ ಅವಕಾಶವೇ ಇಲ್ಲ. ಪಿನ್, ಪ್ಯಾಟರ್ನ್, ಪಾಸ್‌ವರ್ಡ್ ಈ ಮೂರರಲ್ಲಿ ಒಂದಿಲ್ಲದೆ ಬೆರಳಚ್ಚು ದಾಖಲಾಗುವುದಿಲ್ಲ. ಇದು ಕಂಪನಿಯವರ ಹಟವಲ್ಲ, ತಾಂತ್ರಿಕ ಅನಿವಾರ್ಯತೆ. ಇದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ, ಏಕೆಂದರೆ ಇದೊಂದು ಅರ್ಥವಾದರೆ ಉಳಿದ ಗೊಂದಲ ಮುಕ್ಕಾಲು ಪಾಲು ಕರಗುತ್ತದೆ.

ಇಂದಿನ ಸ್ಮಾರ್ಟ್‌ಫೋನಿನಲ್ಲಿ ಫೋಟೋ, ಸಂದೇಶ, ಕಡತ ಎಲ್ಲವೂ ಎನ್‌ಕ್ರಿಪ್ಟ್ ಆಗಿರುತ್ತವೆ, ಎಂದರೆ ಕೀಲಿಯಿಲ್ಲದೆ ಓದಲಾಗದ ರೂಪದಲ್ಲಿರುತ್ತವೆ. ಅವನ್ನು ಬಿಡಿಸುವ ಕೀಲಿ ಒಂದು ದೊಡ್ಡ ಸಂಖ್ಯೆ. ನಿಮ್ಮ ಪಿನ್ ಮತ್ತು ಫೋನಿನ ಚಿಪ್‌ನೊಳಗೆ ಹುದುಗಿರುವ ಒಂದು ರಹಸ್ಯ ಸಂಖ್ಯೆ, ಇವೆರಡೂ ಸೇರಿದರೆ ಮಾತ್ರ ಅದು ಕೈಗೆ ಸಿಗುತ್ತದೆ. ಅದರಲ್ಲಿ ಒಂದಂಕಿ ಆಚೀಚೆಯಾದರೂ ಏನೂ ತೆರೆಯದು. ಬೆರಳಚ್ಚಿನಿಂದ ಇಂಥ ಸಂಖ್ಯೆ ಹುಟ್ಟಿಸುವುದು ಕಷ್ಟ, ಏಕೆಂದರೆ ಒಂದೇ ಬೆರಳನ್ನು ಎರಡು ಸಲ ಒತ್ತಿದರೆ ಎರಡೂ ಚಿತ್ರ ಒಂದೇ ಥರ ಇರುವುದಿಲ್ಲ. ಒಮ್ಮೆ ಓರೆಯಾಗಿರುತ್ತದೆ, ಒಮ್ಮೆ ಬೆವರಿರುತ್ತದೆ, ಒಮ್ಮೆ ತುದಿ ಮಾತ್ರ ತಾಗಿರುತ್ತದೆ. ಹಾಗಾಗಿ ಸೆನ್ಸರ್ ಕೊಡುವ ತೀರ್ಪು "ಸಾಕಷ್ಟು ಹೋಲುತ್ತದೆ" ಅಥವಾ "ಹೋಲುವುದಿಲ್ಲ" ಎಂದಷ್ಟೇ. ಕೀಲಿಯನ್ನು ಮೊದಲೇ ಪಿನ್ ಒತ್ತಿ ಬಿಡಿಸಿ ಇಟ್ಟಿರಬೇಕು. ಬೆರಳು ಹೋಲಿದರೆ ಫೋನು ಅದನ್ನು ಬಳಸಲು ಬಿಡುತ್ತದೆ. ಮನೆಯೊಳಗೆ ಯಾರಾದರೂ ಇದ್ದು, ನಿಮ್ಮ ದನಿ ಗುರುತಿಸಿ ಚಿಲಕ ತೆಗೆದ ಹಾಗೆ ಇದು. ಒಳಗೆ ಯಾರೂ ಇಲ್ಲದಿದ್ದರೆ ಎಷ್ಟು ಕೂಗಿದರೂ ಬಾಗಿಲು ತೆರೆಯದು, ಬೀಗದ ಕೈಯೇ ಬೇಕು.

ಫೋನು ರೀಸ್ಟಾರ್ಟ್ ಆದಾಗ ಆಗುವುದು ಇದೇ. ಬಿಡಿಸಿಟ್ಟಿದ್ದ ಕೀಲಿ ಅಳಿಸಿಹೋಗಿರುತ್ತದೆ, ಪಿನ್ ಬೇಕೇ ಬೇಕು. ರಾತ್ರಿ ಅಪ್‌ಡೇಟ್ ಆಗಿ ತಾನೇ ರೀಸ್ಟಾರ್ಟ್ ಆದ ಫೋನನ್ನು ಬೆಳಿಗ್ಗೆ ಕೈಗೆತ್ತಿಕೊಂಡು "ಸೆನ್ಸರ್ ಕೆಟ್ಟಿದೆ" ಎಂದು ಗಾಬರಿಯಾಗುವವರಿಗೆ ಹೇಳುವುದಿಷ್ಟು: ಕೆಟ್ಟಿಲ್ಲ. ಇನ್ನೂ ಕೆಲವು ಸಂದರ್ಭಗಳಲ್ಲಿ ಫೋನು ಬೆರಳನ್ನು ಬದಿಗಿಟ್ಟು ಪಿನ್ ಕೇಳುತ್ತದೆ. ಆ್ಯಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ 72 ಗಂಟೆಗೊಮ್ಮೆಯಾದರೂ ಕೇಳುತ್ತದೆ. ತಯಾರಕರು ಇದನ್ನು ಇನ್ನೂ ಬಿಗಿ ಮಾಡಿರಬಹುದು. ಐಫೋನ್‌ನಲ್ಲಿ 48 ಗಂಟೆ ಒಮ್ಮೆಯೂ ತೆರೆಯದಿದ್ದರೆ ಕೇಳುತ್ತದೆ, ಐದು ಸಲ ಬೆರಳು ತಪ್ಪಿದರೂ ಕೇಳುತ್ತದೆ. ಐಫೋನಿನ ಸಾಫ್ಟ್‌ವೇರ್ ಆದ ಐಓಎಸ್‌ನ 2024ರ 18.1 ಆವೃತ್ತಿಯಿಂದ ಈಚೆಗೆ, ಲಾಕ್ ಆಗಿಯೇ ಮೂರು ದಿನ ಬಿದ್ದಿದ್ದ ಐಫೋನ್ ತಾನೇ ರೀಸ್ಟಾರ್ಟ್ ಆಗುತ್ತದೆ.

ಇದರಿಂದ ಹುಟ್ಟುವ ನಿಜವಾದ ಅನಾಹುತ ಕಳ್ಳತನವಲ್ಲ, ಮರೆವು. ಬೆರಳಚ್ಚು ಚೆನ್ನಾಗಿ ಕೆಲಸ ಮಾಡಿದಷ್ಟೂ ಪಿನ್ ನೆನಪಿನಿಂದ ಜಾರುತ್ತದೆ. ಒಂದು ದಿನ ಫೋನು ರೀಸ್ಟಾರ್ಟ್ ಆಗುತ್ತದೆ, ಪಿನ್ ಕೇಳುತ್ತದೆ, ನೆನಪಾಗುವುದಿಲ್ಲ. ಊಹೆಯ ಮೇಲೆ ಒತ್ತುತ್ತಾ ಹೋದಂತೆ ಮುಂದಿನ ಪ್ರಯತ್ನಕ್ಕೆ ಕಾಯಬೇಕಾದ ಸಮಯ ಬೆಳೆಯುತ್ತದೆ. ಕೊನೆಗೆ ಫೋನ್ ಹಿಡಿದು ಬಂದು, "ನನ್ನದೇ ಫೋನು, ಇದೋ ನನ್ನದೇ ಬೆರಳು, ತೆಗೆದುಕೊಡಿ" ಎನ್ನುತ್ತಾರೆ. ಪಾಪ ಅನ್ನಿಸುತ್ತದೆ, ಆದರೆ ಬೆರಳಿನಿಂದ ಆಗುವುದೇನೂ ಇಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಫೋನು ಉಳಿಯುತ್ತದೆ. ಬ್ಯಾಕಪ್‌ನಲ್ಲಿ ಇಲ್ಲದ ಫೋಟೋ ಒಂದೂ ಉಳಿಯುವುದಿಲ್ಲ. ರೀಸೆಟ್ ಆದಮೇಲೂ ಹಳೆಯ ಗೂಗಲ್ ಅಥವಾ ಆ್ಯಪಲ್ ಖಾತೆಯ ಪಾಸ್‌ವರ್ಡ್ ಕೇಳುತ್ತದೆ ಎಂಬುದು ಬೇರೆ ತಲೆನೋವು.

ಆದ್ದರಿಂದ ಪಿನ್ ಕನಿಷ್ಠ ಆರಂಕಿಯದಿರಲಿ. ನಾಲ್ಕಂಕಿಯಲ್ಲಿ ಇರುವುದು 10,000 ಸಾಧ್ಯತೆ, ಆರರಲ್ಲಿ 10 ಲಕ್ಷ. ಹುಟ್ಟಿದ ದಿನ, ಮದುವೆಯ ದಿನ, ಮೊಬೈಲ್ ಸಂಖ್ಯೆಯ ಬಾಲ, ಗಾಡಿ ನಂಬರು, ಎಟಿಎಂ ಪಿನ್ ಇವು ಯಾವುವೂ ಬೇಡ. ಹೊಸ ಪಿನ್ ಇಟ್ಟ ಮೊದಲ ವಾರ ಬೆರಳಚ್ಚು ಸೇರಿಸಲೇಬೇಡಿ, ಕೈಯಲ್ಲೇ ಒತ್ತಿ. ಅಂಕಿ ಬೆರಳಿಗೆ ರೂಢಿಯಾಗಲಿ. ಚೀಟಿಯಲ್ಲಿ ಬರೆದು ಮನೆಯ ಮುಖ್ಯ ಕಾಗದಪತ್ರಗಳ ಜೊತೆ ಇಡುವುದು ತಪ್ಪೇ? ಭದ್ರತೆಯವರಲ್ಲೇ ಇದಕ್ಕೆ ಮೂಗು ಮುರಿಯುವವರಿದ್ದಾರೆ. ನನ್ನ ಮಟ್ಟಿಗೆ, ಸಾಮಾನ್ಯ ಬಳಕೆದಾರರಿಗೆ ಆ ಚೀಟಿಯಿಂದ ಆಗುವ ಅಪಾಯಕ್ಕಿಂತ ಪಿನ್ ಮರೆಯುವ ಅಪಾಯ ದೊಡ್ಡದು. ಮನೆಯವರೇ ಫೋನು ಇಣುಕುತ್ತಾರೆಂಬ ಭಯವಿದ್ದವರ ಲೆಕ್ಕ ಬೇರೆ. ಪ್ಯಾಟರ್ನ್ ಮಾತ್ರ ಶಿಫಾರಸು ಮಾಡಲಾರೆ: ದೂರದಿಂದ ನೋಡಿದವರಿಗೂ ನೆನಪಿರುತ್ತದೆ, ಗಾಜಿನ ಮೇಲೆ ಜಿಡ್ಡಿನ ಗೆರೆಯೂ ಉಳಿಯುತ್ತದೆ.

ಇಷ್ಟೆಲ್ಲ ಕೇಳಿದ ಮೇಲೆ "ಹಾಗಾದರೆ ಬೆರಳಚ್ಚು ದಂಡವೇ?" ಎಂದರೆ, ಅಲ್ಲ. ಆರಂಕಿ, ಎಂಟಂಕಿಯ ಪಿನ್ ಇಟ್ಟುಕೊಂಡು ಬಾಳುವುದು ಸಾಧ್ಯವಾಗುವುದೇ ಬೆರಳಚ್ಚಿನಿಂದ. ಫೋನ್ ತೆರೆಯುವಾಗಲೆಲ್ಲ ಎಂಟಂಕಿ ಒತ್ತಿ ಎಂದರೆ ಯಾರೂ ಒತ್ತುವುದಿಲ್ಲ, ಎರಡೇ ದಿನಕ್ಕೆ 1234ಕ್ಕೆ ಇಳಿಯುತ್ತಾರೆ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಫೋನ್ ಕಳ್ಳರಲ್ಲಿ ಜಾಣರಾದವರು ಮೊದಲು ಹಿಂದೆ ನಿಂತು ನೀವು ಪಿನ್ ಒತ್ತುವುದನ್ನು ನೋಡಿಕೊಳ್ಳುತ್ತಾರೆ, ಆಮೇಲೆ ಫೋನಿಗೆ ಕೈ ಹಾಕುತ್ತಾರೆ. ಜನಜಂಗುಳಿಯಲ್ಲಿ ಬೆರಳಿನಿಂದಲೇ ತೆರೆಯುವವರ ಪಿನ್ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಈ ಕಾರಣಕ್ಕೇ ಆ್ಯಪಲ್ 2024ರ ಜನವರಿಯಲ್ಲಿ, ಐಓಎಸ್ 17.3ರಲ್ಲಿ, 'ಸ್ಟೋಲನ್ ಡಿವೈಸ್ ಪ್ರೊಟೆಕ್ಷನ್' ತಂದಿತು. ಅದು ಆನ್ ಇದ್ದರೆ, ಪರಿಚಿತ ಜಾಗಗಳಿಂದ ಹೊರಗಿರುವಾಗ ಉಳಿಸಿಟ್ಟ ಪಾಸ್‌ವರ್ಡ್ ನೋಡುವಂಥ ಕೆಲಸಕ್ಕೆ ಪಿನ್ ಸಾಲದು, ಬೆರಳೋ ಮುಖವೋ ಬೇಕು. ಖಾತೆಯ ಪಾಸ್‌ವರ್ಡ್ ಬದಲಿಸುವುದಕ್ಕೆ ಅದರ ಮೇಲೆ ಒಂದು ಗಂಟೆ ಕಾಯಬೇಕು.

ನಕಲಿ ಬೆರಳಿನ ಭಯದ ಬಗ್ಗೆಯೂ ಕೇಳುತ್ತಾರೆ. ಆಗುತ್ತದೆ, ಆಗಿದೆ. ಐಫೋನ್ 5ಎಸ್ 2013ರ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಜರ್ಮನಿಯ ಹ್ಯಾಕರ್‌ಗಳ ಸಂಘವಾದ ಕೇಯಾಸ್ ಕಂಪ್ಯೂಟರ್ ಕ್ಲಬ್‌ನವರು ಗಾಜಿನ ಮೇಲಿನ ಗುರುತಿನ ಫೋಟೋ ತೆಗೆದು, ಅದರಿಂದ ತೆಳು ಅಚ್ಚು ಮಾಡಿ ಫೋನ್ ತೆರೆದು ತೋರಿಸಿದರು. 2023ರಲ್ಲಿ ಚೀನಾದ ಸಂಶೋಧಕರು 'ಬ್ರೂಟ್‌ಪ್ರಿಂಟ್' ಎಂಬ ದಾಳಿಯಲ್ಲಿ, ಫೋನ್ ಬಿಚ್ಚಿ ಸೆನ್ಸರ್‌ನ ತಂತಿಗೆ ಸಣ್ಣ ಸರ್ಕ್ಯೂಟ್ ಬೋರ್ಡ್ ಸೇರಿಸಿ, ತಾವು ಪರೀಕ್ಷಿಸಿದ ಆ್ಯಂಡ್ರಾಯ್ಡ್ ಫೋನುಗಳಲ್ಲಿ ಲೆಕ್ಕವಿಲ್ಲದಷ್ಟು ಸಲ ಬೆರಳು ಪ್ರಯತ್ನಿಸುವ ದಾರಿ ಕಂಡುಕೊಂಡರು. ಎರಡಕ್ಕೂ ಫೋನು ಕೈಯಲ್ಲಿರಬೇಕು, ಜೊತೆಗೆ ಸಮಯ ಮತ್ತು ಕುಶಲತೆ ಬೇಕು. ನಿಮ್ಮನ್ನೇ ಗುರಿಯಿಟ್ಟು ಯಾರಾದರೂ ಬರುವಂಥ ಕೆಲಸದಲ್ಲಿದ್ದರೆ ಇದನ್ನು ಗಂಭೀರವಾಗಿ ಪರಿಗಣಿಸಿ. ಉಳಿದವರಿಗೆ 1234 ಇದಕ್ಕಿಂತ ನೂರು ಪಾಲು ಅಪಾಯ.

ಬೇರೆಯವರ ಬೆರಳಿಗೆ ಆಕಸ್ಮಿಕವಾಗಿ ತೆರೆಯುವ ಸಂಭವ, ಆ್ಯಪಲ್‌ನ ಬೆರಳಚ್ಚು ವ್ಯವಸ್ಥೆಯಾದ ಟಚ್ ಐಡಿಯಲ್ಲಿ ಒಂದೇ ಬೆರಳು ದಾಖಲಾಗಿದ್ದರೆ, 50,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಆ್ಯಪಲ್ ಹೇಳುತ್ತದೆ. ಆ್ಯಂಡ್ರಾಯ್ಡ್‌ನ ಅತ್ಯುನ್ನತ ದರ್ಜೆಯಾದ ಕ್ಲಾಸ್ 3ಕ್ಕೂ ಮಿತಿ ಅದೇ. ಟಚ್ ಐಡಿಗೆ ಐದು ಬೆರಳು ಸೇರಿಸಿದರೆ ಆ ಸಂಭವ 10,000ಕ್ಕೆ ಒಂದರವರೆಗೆ ಏರುತ್ತದೆ. ಮನೆಮಂದಿಯ ಬೆರಳನ್ನೆಲ್ಲ ಒಂದೇ ಫೋನಿಗೆ ಸೇರಿಸುವ ಮುನ್ನ ಇದು ನೆನಪಿರಲಿ. ಜೊತೆಗೆ ಇನ್ನೊಂದು ಸಂಗತಿ: ಬೆರಳು ಯಾರದೆಂದು ಆ್ಯಪ್‌ಗಳಿಗೆ ಗೊತ್ತಾಗುವುದಿಲ್ಲ. ಮಗುವಿನ ಬೆರಳು ಸೇರಿಸಿದ್ದರೆ, ಆಮೇಲೆ ಬೆರಳಚ್ಚು ಆನ್ ಮಾಡಿದ ಬ್ಯಾಂಕ್ ಆ್ಯಪ್‌ ಕೂಡ ಆ ಬೆರಳಿಗೆ ತೆರೆಯುತ್ತದೆ. ಹೊಸ ಬೆರಳು ಸೇರಿಸಿದ ಕೂಡಲೇ ಕೆಲವು ಬ್ಯಾಂಕ್ ಆ್ಯಪ್‌ಗಳು ಬೆರಳಚ್ಚನ್ನು ಒಪ್ಪದೆ ಮತ್ತೆ ಪಾಸ್‌ವರ್ಡ್ ಕೇಳುತ್ತವೆ. "ಆ್ಯಪ್ ಹಾಳಾಯ್ತು" ಎಂದು ಅಳಿಸಿ ಮತ್ತೆ ಹಾಕಿಕೊಳ್ಳುವ ಅಗತ್ಯವಿಲ್ಲ. ಯಾರೋ ಕದ್ದು ಬೆರಳು ಸೇರಿಸಿರಬಹುದೆಂಬ ಅನುಮಾನಕ್ಕೆ ಮಾಡಿದ ವ್ಯವಸ್ಥೆ ಅದು.

ಬೆರಳಿನ ಚಿತ್ರ ಕಂಪನಿಗೆ ಹೋಗುತ್ತದೆಯೇ? ಸರಿಯಾಗಿ ತಯಾರಾದ ಫೋನಿನಲ್ಲಿ ಇಲ್ಲ. ಗೆರೆಗಳ ಲೆಕ್ಕಾಚಾರದ ರೂಪವೊಂದು ಫೋನಿನ ಪ್ರತ್ಯೇಕ ಸುರಕ್ಷಿತ ಭಾಗದಲ್ಲಿ ಉಳಿಯುತ್ತದೆ.

ಇನ್ನು "ಸೆನ್ಸರ್ ನನ್ನ ಬೆರಳು ಹಿಡಿಯುವುದಿಲ್ಲ" ಎಂಬ ದೂರು. ಹತ್ತರಲ್ಲಿ ಒಂದು ಸಲದ ಹತ್ತಿರ ಹತ್ತಿರ ನಿಮ್ಮನ್ನೇ ತಿರಸ್ಕರಿಸಿದರೂ ಕ್ಲಾಸ್ 3ರ ನಿಯಮದ ಪ್ರಕಾರ ಅದು ಪಾಸು, ಹಾಗಾಗಿ ಅಪರೂಪಕ್ಕೊಮ್ಮೆ ತಪ್ಪಿದರೆ ಬೇಸರ ಬೇಡ. ಪದೇ ಪದೇ ತಪ್ಪುತ್ತಿದ್ದರೆ ದೋಷ ಹೆಚ್ಚಾಗಿ ದಾಖಲಿಸಿದ ರೀತಿಯಲ್ಲಿರುತ್ತದೆ. ಜನ ಫೋನನ್ನು ಮೇಜಿನ ಮೇಲಿಟ್ಟು, ಹೆಬ್ಬೆರಳಿನ ನಡುಭಾಗವನ್ನು ನೇರವಾಗಿ ಒತ್ತಿ ದಾಖಲಿಸುತ್ತಾರೆ. ಬಳಸುವಾಗ ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳ ತುದಿಯನ್ನೋ ಪಕ್ಕವನ್ನೋ ಓರೆಯಾಗಿ ತಾಗಿಸುತ್ತಾರೆ. ಆ ಭಾಗದ ಗೆರೆಗಳನ್ನು ಫೋನು ನೋಡಿಯೇ ಇರುವುದಿಲ್ಲ. ಹಳೆಯದನ್ನು ಅಳಿಸಿ, ಕೈ ತೊಳೆದು ಒರೆಸಿ, ಫೋನನ್ನು ದಿನಾ ಹಿಡಿಯುವ ಹಾಗೆಯೇ ಹಿಡಿದು ದಾಖಲಿಸಿ. ಪ್ರತಿ ಸಲ ಬೆರಳನ್ನು ತುಸು ಸರಿಸಿ, ಅಂಚುಗಳೂ ಬರಲಿ. ಫೋನು ಬಿಟ್ಟರೆ ಅದೇ ಹೆಬ್ಬೆರಳನ್ನು ಎರಡನೆಯ ಬೆರಳೆಂದು ಇನ್ನೊಮ್ಮೆ ಸೇರಿಸಿ. ಚರ್ಮ ಒಣಗಿದ್ದರೆ ಬೆರಳಿಗೆ ಬಾಯಿಂದ ಬಿಸಿಯುಸಿರು ಬಿಟ್ಟು ಒತ್ತಿದರೆ ಸಾಕು. ಸಿಮೆಂಟ್, ಸೋಪು, ರಾಸಾಯನಿಕಗಳಲ್ಲಿ ಕೆಲಸ ಮಾಡಿ ಗೆರೆಯೇ ಸವೆದವರು ಸವೆಯದ ಬೆರಳು ಹುಡುಕಬೇಕು, ಹೆಚ್ಚಾಗಿ ಎಡಗೈಯ ಉಂಗುರ ಬೆರಳು ಒದಗುತ್ತದೆ. ಅದೂ ಆಗದಿದ್ದರೆ ಉದ್ದನೆಯ ಪಿನ್ ಒಂದೇ ಸಾಕು. ಮುಂಬದಿಯ ಕ್ಯಾಮೆರಾ ಒಂದನ್ನೇ ನೆಚ್ಚಿದ ಆ್ಯಂಡ್ರಾಯ್ಡ್ ಮುಖಗುರುತಿಗೆ ಹಾರಬೇಡಿ, ಬಹಳಷ್ಟು ಫೋನುಗಳಲ್ಲಿ ಅದು ಕೆಳದರ್ಜೆಯದು.

ಸ್ಕ್ರೀನ್ ಗಾರ್ಡ್ ವಿಷಯ. ಸೆನ್ಸರ್ ಪವರ್ ಬಟನ್‌ನಲ್ಲಿದ್ದರೆ ಅಥವಾ ಹಿಂಬದಿಯಲ್ಲಿದ್ದರೆ ನಿಮಗೆ ಈ ರಗಳೆಯಿಲ್ಲ, ನನ್ನನ್ನು ಕೇಳಿದರೆ ಅದೇ ನೆಮ್ಮದಿ. ಪರದೆಯ ಅಡಿಯ ಸೆನ್ಸರ್‌ನಲ್ಲಿ ಎರಡು ಬಗೆ. ಆಪ್ಟಿಕಲ್ ಬಗೆ ಪರದೆಯ ಬೆಳಕನ್ನು ಬೆರಳಿಗೆ ಚೆಲ್ಲಿ ಚಿತ್ರ ತೆಗೆಯುತ್ತದೆ. ಪಕ್ಕದವರಿಗೆ ಕಾಣದಂತೆ ಮಾಡುವ ಪ್ರೈವೆಸಿ ಗ್ಲಾಸ್ ಅದರ ಬೆಳಕಿಗೆ ಅಡ್ಡವಾಗುತ್ತದೆ. ಅಲ್ಟ್ರಾಸಾನಿಕ್ ಬಗೆ ಶಬ್ದದ ಅಲೆ ಕಳಿಸುತ್ತದೆ. ಗಾಜಿಗೂ ಪರದೆಗೂ ನಡುವೆ ಗಾಳಿ ಉಳಿದರೆ ಅಲೆ ಅಲ್ಲೇ ನಿಲ್ಲುತ್ತದೆ. 2019ರಲ್ಲಿ ಗ್ಯಾಲಕ್ಸಿ ಎಸ್10ರಲ್ಲಿ ಆದ ಎಡವಟ್ಟು ನೆನಪಿಡುವಂಥದು: ಪರದೆ ಮುಚ್ಚುವ ಕೆಲವು ಸಿಲಿಕೋನ್ ಕವಚಗಳ ಒಳಮೈಯ ವಿನ್ಯಾಸವನ್ನೇ ಸೆನ್ಸರ್ ಬೆರಳಗೆರೆಯೆಂದು ಗ್ರಹಿಸಿ, ಯಾರು ಒತ್ತಿದರೂ ಫೋನು ತೆರೆಯತೊಡಗಿತು. ಸ್ಯಾಮ್‌ಸಂಗ್ ಸಾಫ್ಟ್‌ವೇರ್ ತಿದ್ದಿತು. ಹಾಗಿದ್ದರೂ ಗಾರ್ಡ್ ಹಾಕಿಸಿದ ಮೇಲೆ ಹಳೆಯ ಬೆರಳನ್ನು ಅಳಿಸಿ ಹೊಸದಾಗಿ ದಾಖಲಿಸಿ, ನಂತರ ದಾಖಲಿಸದ ಬೆರಳುಗಳನ್ನೂ ಒಂದೊಂದಾಗಿ ಒತ್ತಿ ನೋಡಿ. ಒಂದೂ ತೆರೆಯಬಾರದು.

ಒಡೆದ ಡಿಸ್‌ಪ್ಲೇ ಬದಲಿಸುವಾಗ ರಿಪೇರಿಯವರನ್ನು ಮೊದಲೇ ಕೇಳಿ: ಹಾಕುವುದು ಓಎಲ್‌ಇಡಿಯೋ, ಎಲ್‌ಸಿಡಿಯೋ? ಓಎಲ್‌ಇಡಿ ಇದ್ದ ಜಾಗಕ್ಕೆ ಅಗ್ಗದ ಎಲ್‌ಸಿಡಿ ಹಾಕಿದರೆ ಹಿಂಬದಿಯ ಬ್ಯಾಕ್‌ಲೈಟ್ ಪದರ ಅಡ್ಡ ಬಂದು ಅಡಿಯ ಸೆನ್ಸರ್ ಕುರುಡಾಗುತ್ತದೆ. ಅಸಲಿ ಡಿಸ್‌ಪ್ಲೇ ಹಾಕಿದರೂ ಹಲವು ಮಾದರಿಗಳಲ್ಲಿ ಸೆನ್ಸರನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು, ಎಂದರೆ ಹೊಸ ಪರದೆಗೆ ಹೊಂದಿಸಬೇಕು. ಹೋಮ್ ಬಟನ್ ಇರುವ ಐಫೋನ್‌ಗಳಲ್ಲಿ ಟಚ್ ಐಡಿ ಬಟನ್ ಆ ಫೋನಿನ ಬೋರ್ಡಿಗೇ ಜೋಡಿಯಾಗಿರುತ್ತದೆ. ಪರದೆ ಬದಲಿಸುವಾಗ ಹಳೆಯ ಬಟನ್ನನ್ನೇ ಬಿಡಿಸಿ ಹೊಸ ಪರದೆಗೆ ಕೂರಿಸಬೇಕು, ಅದರ ಫ್ಲೆಕ್ಸ್ ಕೇಬಲ್ ಹರಿದರೆ ಬೆರಳಚ್ಚಿನ ಆಸೆ ಬಿಟ್ಟ ಹಾಗೆಯೇ. ಫೋನ್ ವಾಪಸ್ ಪಡೆಯುವಾಗ ಅಲ್ಲೇ ನಿಂತು ಬೆರಳು ಒತ್ತಿ ನೋಡಿ, ಒಮ್ಮೆ ರೀಸ್ಟಾರ್ಟ್ ಮಾಡಿ ಪಿನ್ ಒತ್ತಿ, ಮತ್ತೆ ಬೆರಳು ಒತ್ತಿ. ರಿಪೇರಿಗೆಂದು ಪಿನ್ ಹೇಳಿದ್ದಿರಾದರೆ ಅಲ್ಲಿಂದ ಹೊರಬಂದ ತಕ್ಷಣ ಅದನ್ನು ಬದಲಿಸಿ, ಸೆಟ್ಟಿಂಗ್ಸ್‌ನಲ್ಲಿ ನಿಮ್ಮದಲ್ಲದ ಬೆರಳು ಸೇರಿಕೊಂಡಿದೆಯೇ ಎಂದು ಎಣಿಸಿಕೊಳ್ಳಿ.